ಮೊದಲು ಬ್ರೇಕ್, ಆಮೇಲೆ ಇಂಜಿನ್

ವರ್ಷಗಟ್ಟಲೆ ನಿಂತಲ್ಲೇ ನಿಂತಿದ್ದ ಹಳೇ ಕಾರನ್ನು ತಂದಿದ್ದೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಸ್ಟಾರ್ಟ್ ಆಗುತ್ತಾ? ನಿಲ್ಲುತ್ತಾ ಅಂತ ಯಾರೂ ಕೇಳುವುದಿಲ್ಲ. ಸ್ಟಾರ್ಟ್ ಆಗದ ಕಾರಿನಿಂದ ಯಾರಿಗೂ ಏನೂ ಆಗುವುದಿಲ್ಲ, ಸುಮ್ನೆ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ ಅಷ್ಟೇ. ಸ್ಟಾರ್ಟ್ ಆಗಿ, ರಸ್ತೆಗೂ ಬಂದು, ಇಳಿಜಾರಿನಲ್ಲಿ ಬ್ರೇಕ್ ತುಳಿದಾಗ ಪೆಡಲ್ ಸೀದಾ ನೆಲಕ್ಕೆ ಹೋಯಿತು ಅನ್ನಿ, ಆಗ ಶುರುವಾಗುತ್ತದೆ ಕಥೆ.

ನನ್ನ ಕೈಗೆ ಬಂದದ್ದು 1972ರ ಮಿನಿ, ಬ್ರಿಟನ್ನಿನ ಪುಟ್ಟ ಕಾರು. ಈಗ ಬರುವ ದಪ್ಪನೆಯ ಮಿನಿ ಅಲ್ಲ, ಮೂಲ ಮಿನಿ. ಉದ್ದ 3.05 ಮೀಟರ್, 10 ಇಂಚಿನ ಚಕ್ರ, 998 ಸಿಸಿ ಇಂಜಿನ್, ನಾಲ್ಕೂ ಕಡೆ ಡ್ರಮ್ ಬ್ರೇಕ್, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಶೂ ಅನ್ನುವ ಪಟ್ಟಿಗಳು ಒತ್ತಿ ನಿಲ್ಲಿಸುವಂಥದ್ದು. "ಏನೂ ಕೆಟ್ಟಿಲ್ಲ, ಓಡ್ತಿದ್ದ ಗಾಡೀನೇ ನಿಲ್ಲಿಸಿದ್ದು" ಅಂತ ಕೊಟ್ಟವರು ಹೇಳಿದರು. ಹಳೇ ಕಾರು ಮಾರುವವರೆಲ್ಲ ಹೇಳುವ ಮಾತು ಇದು. ಸುಳ್ಳು ಅಂತಲೂ ಹೇಳೋಕಾಗಲ್ಲ. ಆದರೆ ದಿನಾ ಓಡುವ ಕಾರಿಗಿಂತ ನಿಂತ ಕಾರೇ ಜಾಸ್ತಿ ಹಾಳಾಗುತ್ತದೆ. ಸಿಲಿಂಡರ್ ಗೋಡೆಗೆ ಅಂಟಿದ್ದ ಎಣ್ಣೆಯೆಲ್ಲ ನಿಧಾನಕ್ಕೆ ಕೆಳಗಿಳಿದು ಬೋರ್, ಅಂದರೆ ಸಿಲಿಂಡರಿನ ಒಳಮೈ, ಒಣಗುತ್ತದೆ, ಸೀಲುಗಳು ಗಟ್ಟಿಯಾಗುತ್ತವೆ, ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಅಂಟಂಟಾಗುತ್ತದೆ, ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಂಡು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಧೂಳು ಬಿಟ್ಟರೆ ಏನೂ ಕಾಣುವುದಿಲ್ಲ.

ಸಹಾಯಕ್ಕೆ ಬಂದ ಗೆಳೆಯನ ಕೈಯಲ್ಲಿ ಹೊಸ ಬ್ಯಾಟರಿ ಇತ್ತು. "ಒಂದ್ಸಲ ಹಾಕಿ ಕೀ ತಿರುಗಿಸೋಣ ಕಣೋ, ಏನಾಗುತ್ತೆ ನೋಡೇ ಬಿಡೋಣ" ಅಂದ. ಏನಾಗುತ್ತದೆ ಅಂದರೆ, ಒಣಗಿದ ಬೋರ್ ಮೇಲೆ ತುಕ್ಕು ಹಿಡಿದ ಪಿಸ್ಟನ್ ರಿಂಗ್ ಉಜ್ಜಿ ಗೆರೆ ಬೀಳುತ್ತದೆ, ಟ್ಯಾಂಕಿನ ಗಸಿ ಕಾರ್ಬುರೇಟರ್‌ವರೆಗೂ ಬರುತ್ತದೆ. ಬ್ಯಾಟರಿಯನ್ನು ತೆಗೆದು ದೂರ ಇಡಿಸಿದೆ. ಅವನಿಗೆ ಬೇಜಾರಾಯಿತು. ಆಗಲಿ.

ತುಕ್ಕಿನ ವಿಷಯ ಬೇಗ ಮುಗಿಸುತ್ತೇನೆ, ಯಾಕಂದರೆ ಅದರಲ್ಲಿ ಖುಷಿಯ ಭಾಗ ಏನೂ ಇಲ್ಲ. ಮಿನಿಗೆ ಬೇರೆ ಚಾಸಿ ಅಂತ ಇಲ್ಲ, ಬಾಡಿಯೇ ಭಾರ ಹೊರಬೇಕು. ಹಾಗಾಗಿ ಬಾಗಿಲ ಕೆಳಗಿನ ಸಿಲ್, ನೆಲದ ಅಂಚು, ಡಿಕ್ಕಿಯಲ್ಲಿ ಬ್ಯಾಟರಿ ಕೂರುವ ಗುಂಡಿ, ಹಿಂದಿನ ಚಕ್ರಗಳನ್ನು ಹಿಡಿದಿಡುವ ಹಿಂದಿನ ಸಬ್‌ಫ್ರೇಮ್, ಇವಿಷ್ಟನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಬೇಕು. ಟಣ್ ಅಂದರೆ ಸರಿ, ಕರ್ರ್ ಅಂತ ಒಳಗೆ ಹೋದರೆ ವೆಲ್ಡಿಂಗ್. ನನ್ನದರಲ್ಲಿ ಸಿಲ್ ಎರಡೂ ಗಟ್ಟಿ ಇದ್ದವು, ಹಿಂದಿನ ಸಬ್‌ಫ್ರೇಮ್ ಮಾತ್ರ ಸ್ಕ್ರೂಡ್ರೈವರನ್ನು ಹಿಡಿವರೆಗೂ ನುಂಗಿತು. ಹೊಸದನ್ನೇ ತರಿಸಿದೆ. ಈ ಕಾರಿನ ದೊಡ್ಡ ಅನುಕೂಲವೇ ಅದು. 1959ರಿಂದ 2000ದವರೆಗೆ 53 ಲಕ್ಷಕ್ಕೂ ಜಾಸ್ತಿ ಮಿನಿಗಳು ತಯಾರಾಗಿವೆ, ಹಾಗಾಗಿ ಬಿಡಿಭಾಗಗಳನ್ನು ಈಗಲೂ ಹೊಸದಾಗಿ ಮಾಡುತ್ತಾರೆ, ಪೂರ್ತಿ ಬಾಡಿ ಬೇಕಂದರೂ ಸಿಗುತ್ತದೆ. ಇಷ್ಟೇ ಹಳೆಯ ಬೇರೆ ಎಷ್ಟೋ ಕಾರುಗಳ ಮಾಲೀಕರು ಒಂದು ಬಾಗಿಲ ಹಿಡಿಗಾಗಿ ಊರೂರು ಅಲೆಯುತ್ತಾರೆ.

ಇನ್ನು ಬ್ರೇಕ್. ನನ್ನ ಕಾರಿನಲ್ಲಿ ಇರುವುದು ಒಂದೇ ಸರ್ಕ್ಯೂಟ್. ಈಗಿನ ಕಾರುಗಳಲ್ಲಿ ಒಂದು ಸಾಲು ಸೋರಿದರೂ ಇನ್ನೊಂದು ಸಾಲು ಕೈ ಹಿಡಿಯುತ್ತದೆ. ಇಲ್ಲಿ ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕು ಚಕ್ರಕ್ಕೂ ಬ್ರೇಕ್ ಇಲ್ಲ, ಹ್ಯಾಂಡ್ ಬ್ರೇಕ್ ಒಂದೇ ಗತಿ. ಮುಂದಿನ ಒಂದೊಂದು ಡ್ರಮ್ಮಿನಲ್ಲಿ ಶೂಗಳನ್ನು ತಳ್ಳುವ ಎರಡೆರಡು ವ್ಹೀಲ್ ಸಿಲಿಂಡರ್, ಹಿಂದೆ ಒಂದೊಂದು. ಒಟ್ಟು ಆರು. ಪೆಡಲ್ ತುಳಿದಾಗ ಇವಕ್ಕೆಲ್ಲ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬೇರೆ.

ಮುಂದಿನ ಎಡಗಡೆಯ ಡ್ರಮ್ ಬಿಚ್ಚೋದೇ ಒಂದು ಸಾಹಸ. ಸ್ಕ್ರೂ ಬಂತು, ಡ್ರಮ್ ಬರಲಿಲ್ಲ. ಶೂಗಳು ಡ್ರಮ್ಮಿಗೆ ಅಂಟಿಕೊಂಡಿದ್ದವು. ಶೂಗಳನ್ನು ಡ್ರಮ್ಮಿಗೆ ಹತ್ತಿರ ದೂರ ಮಾಡುವ ಅಡ್ಜಸ್ಟರ್ ಸಡಿಲ ಮಾಡೋಣ ಅಂದರೆ ಅದರ ಚೌಕಾಕಾರದ ತಲೆ ತುಕ್ಕು ಹಿಡಿದು ಜಾಮ್. ಸಾಮಾನ್ಯ ಸ್ಪ್ಯಾನರ್ ಹಾಕಿ ಜಗ್ಗಿದರೆ ಆ ಚೌಕದ ಮೂಲೆಗಳು ಉಜ್ಜಿ ಗುಂಡಗಾಗುತ್ತವೆ, ಆಮೇಲೆ ದೇವರೇ ಗತಿ. ಅದಕ್ಕೇ ಅಂತ ಇರುವ ಚೌಕ ಬಾಯಿಯ ಬ್ರೇಕ್ ಸ್ಪ್ಯಾನರ್ ಹಾಕಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಬಿಸಿ ಮಾಡಿ, ಒಂದು ಕೂದಲೆಳೆಯಷ್ಟು ಮುಂದೆ, ಮತ್ತೆ ಹಿಂದೆ, ಹೀಗೆ ಆಡಿಸುತ್ತಾ ಹೋದಾಗ ಕಿರ್ರ್ ಅಂತ ತಿರುಗಿತು. ಡ್ರಮ್ಮಿನ ಅಂಚಿಗೆ ಮರದ ಸುತ್ತಿಗೆಯಿಂದ ಸುತ್ತಲೂ ಬಡಿದ ಮೇಲೆ ಅದೂ ಕೈಗೆ ಬಂತು, ಜೊತೆಗೆ ಒಂದು ಹಿಡಿ ಕೆಂಪು ಪುಡಿ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಆ ಪುಡಿಯನ್ನು ಗಾಳಿ ಹೊಡೆದು ಹಾರಿಸಬಾರದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಒಳಗೆ ವ್ಹೀಲ್ ಸಿಲಿಂಡರಿನ ರಬ್ಬರ್ ಬೂಟ್ ಸರಿಸಿ ನೋಡಿದರೆ ಪಿಸ್ಟನ್ ಸುತ್ತ ಕಂದು ಬಣ್ಣದ ಅಂಟು. ಪಿಸ್ಟನ್ ತೆಗೆದು ಬೋರಿಗೆ ಬೆರಳು ಹಾಕಿದರೆ ಚಿಕ್ಕ ಚಿಕ್ಕ ಗುಂಡಿಗಳು ಉಗುರಿಗೆ ಸಿಗುತ್ತಿದ್ದವು. ಇಂಥದ್ದಕ್ಕೆ ಹೊಸ ಸೀಲ್ ಹಾಕಿ ಉಪಯೋಗವಿಲ್ಲ. ಆ ಗುಂಡಿಗಳ ಮೇಲೆ ಓಡಾಡಿ ಸೀಲ್ ಹರಿಯುತ್ತದೆ, ಸ್ವಲ್ಪ ದಿನದಲ್ಲೇ ಸೋರುತ್ತದೆ. ಆರಕ್ಕೆ ಆರೂ ಹೊಸದು, ಮಾಸ್ಟರ್ ಸಿಲಿಂಡರ್ ಹೊಸದು, ರಬ್ಬರ್ ಹೋಸ್‌ಗಳೂ ಹೊಸದು. ಹಳೇ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಬ್ರೇಕ್ ತುಳಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಚಕ್ರ ಹಿಡಿದೇ ಇರುತ್ತದೆ. ಅಂದಹಾಗೆ ಹೊಸದೆಲ್ಲ ಒಳ್ಳೆಯದು ಅಂತ ನಂಬಬೇಡಿ. ತರಿಸಿದ ಸಿಲಿಂಡರುಗಳಲ್ಲಿ ಒಂದು ಡಬ್ಬಿಯಿಂದ ತೆಗೆದ ದಿನವೇ ಸೋರಿತು. ಫಿಟ್ ಮಾಡುವ ಮೊದಲು ಎಲ್ಲವನ್ನೂ ಒಮ್ಮೆ ಬಿಚ್ಚಿ ನೋಡೋದು ಒಳ್ಳೆಯದು.

ಆಮೇಲೆ ಏರ್ ತೆಗೆಯುವ ಕೆಲಸ, ಅಂದರೆ ಬ್ರೇಕ್ ಪೈಪುಗಳೊಳಗೆ ಸೇರಿದ ಗಾಳಿಯನ್ನು ಹೊರಹಾಕುವುದು. ಮುಂದೆ ಎರಡೆರಡು ಸಿಲಿಂಡರ್ ಇರುವ ಈ ಡ್ರಮ್ಮುಗಳಲ್ಲಿ ಗಾಳಿ ಹೊರಗೆ ಬರೋದು ಕಷ್ಟ. ಗೆಳೆಯ ಪೆಡಲ್ ತುಳಿಯುತ್ತಲೇ ಇದ್ದ, ನಾನು ಗಾಳಿ ಹೊರಬಿಡುವ ನಿಪ್ಪಲ್ ಬಿಗಿಮಾಡುತ್ತಾ ಸಡಿಲಿಸುತ್ತಾ ಇದ್ದೆ. ಪೆಡಲ್ ಸ್ಪಂಜಿನ ಹಾಗೇ ಉಳಿಯಿತು. ಇದಕ್ಕೊಂದು ಉಪಾಯ ಇದೆ. ಏರ್ ತೆಗೆಯುವ ಮೊದಲು ಎಲ್ಲ ಅಡ್ಜಸ್ಟರುಗಳನ್ನೂ ಶೂ ಡ್ರಮ್ಮಿಗೆ ಒತ್ತುವವರೆಗೆ ಪೂರ್ತಿ ಬಿಗಿ ಮಾಡಬೇಕು. ಆಗ ಪಿಸ್ಟನ್‌ಗಳು ಅಲ್ಲಾಡುವುದಿಲ್ಲ, ತುಳಿದ ಶಕ್ತಿಯೆಲ್ಲ ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಹಾಗೆ ಮಾಡಿದ ಮೇಲೆ ಪೆಡಲ್ ಗಟ್ಟಿಯಾಗಿ ಮೇಲೆ ನಿಂತಿತು. ಕಾರು ಇನ್ನೂ ಉಸಿರೇ ಎತ್ತಿರಲಿಲ್ಲ, ಆದರೆ ನನ್ನ ಮಟ್ಟಿಗೆ ಮುಕ್ಕಾಲು ಕೆಲಸ ಮುಗಿದಿತ್ತು.

ಪೆಟ್ರೋಲ್ ಟ್ಯಾಂಕ್ ಡಿಕ್ಕಿಯ ಎಡಗಡೆ ಇರುತ್ತದೆ. ಮುಚ್ಚಳ ತೆಗೆದರೆ ಬಂದದ್ದು ಪೆಟ್ರೋಲ್ ವಾಸನೆಯಲ್ಲ, ಹಳೇ ವಾರ್ನಿಷ್ ವಾಸನೆ. ಟ್ಯಾಂಕನ್ನು ಹೊರಗೆ ತೆಗೆದು, ಖಾಲಿ ಮಾಡಿ, ತೊಳೆದು, ತಳದ ತುಕ್ಕು ಕೆದಕಲು ಒಳಗೆ ಒಂದಿಷ್ಟು ನಟ್ಟುಗಳನ್ನು ಹಾಕಿ ಕುಲುಕಿದ್ದಾಯಿತು. ಹಾಕಿದ ನಟ್ಟುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ರಬ್ಬರ್ ಪೈಪುಗಳನ್ನು ಬದಲಾಯಿಸುವಾಗ ಎಥನಾಲ್ ತಡೆಯುವಂಥದ್ದನ್ನೇ ಹಾಕಬೇಕು. ಈಗಿನ ಪೆಟ್ರೋಲಿಗೆ ಹಳೇ ರಬ್ಬರ್ ಮೆತ್ತಗಾಗಿ ಬಿರುಕು ಬಿಡುತ್ತದೆ, ಮತ್ತೆ ಆ ಪೈಪ್ ಇರುವುದು ಬಿಸಿ ಇಂಜಿನ್ ಪಕ್ಕದಲ್ಲಿ, ಅಲ್ವಾ?

ಇಂಜಿನ್ ವಿಷಯಕ್ಕೆ ಬರುವ ಮೊದಲು ಮಿನಿಯ ಹುಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ಬಾನೆಟ್ ಒಳಗೆ ಕೈ ಹೋಗದೆ ಒದ್ದಾಡುವಾಗ ಆ ಕಾರಣ ನೆನಪಾಗುತ್ತದೆ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಬರ ಬಂದಾಗ, ಕಡಿಮೆ ಕುಡಿಯುವ, ನಾಲ್ಕು ಜನ ಕೂರಬಹುದಾದ ಪುಟ್ಟ ಕಾರು ಬೇಕು ಅಂತ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕಂಪನಿ ತನ್ನ ಇಂಜಿನಿಯರ್ ಅಲೆಕ್ ಇಸಿಗೋನಿಸ್‌ಗೆ ಹೇಳಿತು. ಅವರು ಇಂಜಿನ್ನನ್ನು ಅಡ್ಡಡ್ಡ ಕೂರಿಸಿ, ಗೇರ್ ಬಾಕ್ಸನ್ನು ಅದರ ಕೆಳಗೆ, ಆಯಿಲ್ ಸಂಪಿನೊಳಗೇ ತುರುಕಿದರು. ರೇಡಿಯೇಟರ್ ಪಕ್ಕಕ್ಕೆ ಹೋಯಿತು. ಸ್ಪ್ರಿಂಗ್ ಬದಲಿಗೆ ಅಲೆಕ್ಸ್ ಮೌಲ್ಟನ್ ಮಾಡಿದ ರಬ್ಬರ್ ಕೋನ್‌ಗಳು ಬಂದವು. ಅಷ್ಟು ಜಾಗ ಉಳಿಸಿದ್ದಕ್ಕೇ ಒಳಗೆ ನಾಲ್ಕು ಜನ ಹಿಡಿಸುವುದು, ಮತ್ತೆ ಅದಕ್ಕೇ ನನ್ನ ಮುಂಗೈ ತರಚಿದ್ದು.

ಇಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ ಆದ್ದರಿಂದ ಡ್ರೈನ್ ಪ್ಲಗ್ ಬಿಚ್ಚಿದ ಕೂಡಲೇ ಅದರ ತುದಿಯ ಅಯಸ್ಕಾಂತ ನೋಡಬೇಕು. ಬೂದು ಬಣ್ಣದ ನುಣುಪಾದ ಪೇಸ್ಟ್ ಇದ್ದರೆ ಮಾಮೂಲಿ ಸವೆತ. ಬೆರಳಲ್ಲಿ ಉಜ್ಜಿದಾಗ ಚೂರು ಚುಚ್ಚಿದರೆ ಗೇರಿನ ಹಲ್ಲೋ ಬೇರಿಂಗೋ ಹೋಗಿದೆ ಅಂತ ಅರ್ಥ. ನನ್ನದು ಪೇಸ್ಟ್. ಉಸಿರು ಬಂತು. 20ಡಬ್ಲ್ಯೂ50 ದರ್ಜೆಯ ಎಣ್ಣೆ ತುಂಬಿಸಿ, ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತುಗಳಿಂದ ಒಂದೊಂದು ಬೋರಿಗೂ ತೆಳು ಎಣ್ಣೆ ಬಿಟ್ಟು ಕೆಲವು ದಿನ ಹಾಗೇ ಬಿಟ್ಟೆ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ಇಬ್ಬರೂ ಕಾರನ್ನು ಮೆಲ್ಲಗೆ ತಳ್ಳಿದೆವು. ಮೊದಲು ಮಿಸುಕಲಿಲ್ಲ. ಹಿಂದೆ ಮುಂದೆ ತೂಗಿದಾಗ ಒಳಗೆಲ್ಲೋ ಟಕ್ ಅಂದಿತು, ಇಂಜಿನ್ ತಿರುಗಿತು. ಗೆಳೆಯ ಕೂಗಿಕೊಂಡ, ಅವನ ಬ್ಯಾಟರಿಗೆ ಕಾಲ ಬಂತಲ್ಲ ಅಂತ.

ಬ್ಯಾಟರಿ ಹಾಕಿದ್ದಾಯಿತು, ಆದರೆ ಪ್ಲಗ್ ಹಾಕಲಿಲ್ಲ. ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದರೆ ಇಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗಿಗೆ ಭಾರ ಬೀಳುವ ಮೊದಲೇ ಎಣ್ಣೆ ಎಲ್ಲ ಕಡೆ ತಲುಪುತ್ತದೆ. ಡ್ಯಾಶ್‌ಬೋರ್ಡಿನ ಆಯಿಲ್ ಲೈಟ್ ಆರುವವರೆಗೆ ಕಾಯಬೇಕು. ಅದು ಆರಲೇ ಇಲ್ಲ. ಬಹಳ ಕಾಲ ನಿಂತಿದ್ದರಿಂದ ಪಂಪ್ ಒಣಗಿ ಎಣ್ಣೆ ಎಳೆಯುತ್ತಿರಲಿಲ್ಲ. ಪ್ರೆಷರ್ ಸ್ವಿಚ್ ಬಿಚ್ಚಿ, ಆ ತೂತಿನಿಂದ ಎಣ್ಣೆ ಕ್ಯಾನಿನಲ್ಲಿ ಒಳಗೆ ತಳ್ಳಿ, ಮತ್ತೆ ಸೆಲ್ಫ್ ಹೊಡೆದಾಗ ಲೈಟ್ ಮಿನುಗಿ ಆರಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಗಳಿಗೆ ಇದೇ ಇರಬೇಕು, ಆಮೇಲೆ ಕೇಳಿದ ಇಂಜಿನ್ ಸದ್ದೂ ಅಲ್ಲ.

ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟ್ ಉಜ್ಜಿ ಗ್ಯಾಪ್ 0.015 ಇಂಚಿಗೆ, ಟ್ಯಾಪೆಟ್ ಅಂದರೆ ವಾಲ್ವಿನ ಸಂದು 0.012 ಇಂಚಿಗೆ ಇಟ್ಟೆ. ಎಸ್‌ಯು ಕಾರ್ಬುರೇಟರಿನ ಪಿಸ್ಟನ್ ಅಂಟಿತ್ತು, ತೊಳೆದು ಡ್ಯಾಂಪರಿಗೆ ಎಣ್ಣೆ ಬಿಟ್ಟೆ. ಎತ್ತಿ ಬಿಟ್ಟರೆ ಅದು ತಾನಾಗಿ ಇಳಿದು ಟಕ್ ಅನ್ನಬೇಕು, ಅಂದಿತು. ಚೋಕ್ ಎಳೆದು ಕೀ ತಿರುಗಿಸಿದಾಗ ಕೆಮ್ಮಿತು, ಬಿಟ್ಟಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಬೋರಿಗೆ ಬಿಟ್ಟ ಎಣ್ಣೆಯೆಲ್ಲ ಉರಿದು ನೀಲಿ ಹೊಗೆ. ಗೆಳೆಯ ಹೊಗೆಯೊಳಗೆ ನಿಂತು ವಿಡಿಯೋ ಮಾಡಿದ, ಅದರಲ್ಲಿ ಏನೂ ಕಾಣುವುದಿಲ್ಲ.

ಸರಿ ಹೊರಡೋಣ ಅಂದರೆ ಗೇರ್ ಬೀಳಲಿಲ್ಲ. ಕ್ಲಚ್ ಪ್ಲೇಟ್ ತುಕ್ಕಿಗೆ ಫ್ಲೈವ್ಹೀಲಿಗೇ ಅಂಟಿಕೊಂಡಿತ್ತು, ನಿಂತ ಕಾರುಗಳಲ್ಲಿ ಇದು ಮಾಮೂಲು. ಇಂಜಿನ್ ಬಿಸಿ ಮಾಡಿ ಆಫ್ ಮಾಡಿ, ಪೆಡಲನ್ನು ಪೂರ್ತಿ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಮರದ ತುಂಡು ಕೊಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಬಿಟ್ಟುಕೊಂಡಿತ್ತು.

ಟೈರುಗಳ ಮೇಲಿನ ಅಚ್ಚು ಸವೆದಿರಲಿಲ್ಲ, ನೋಡಿದರೆ ಹೊಸದೇ. ಆದರೆ ಪಕ್ಕದಲ್ಲಿ ಒತ್ತಿದ್ದ ತಯಾರಿಕೆಯ ಸಂಖ್ಯೆಯಲ್ಲಿ ಇದ್ದದ್ದು ಮೂರೇ ಅಂಕಿ. ನಾಲ್ಕಂಕಿಯ ಸಂಖ್ಯೆ ಬಂದದ್ದು 2000ದಿಂದ, ಅಂದರೆ ಈ ಟೈರ್ ಅದಕ್ಕಿಂತ ಹಿಂದಿನದು. ಯೋಚನೆ ಮಾಡದೆ ಎಸೆಯಬೇಕು.

ಕಾಗದಪತ್ರಗಳೆಲ್ಲ ಆದ ಮೇಲೆ ರಸ್ತೆಗಿಳಿಸಿದಾಗ ಮೊದಲು ಮಾಡಿದ್ದು ಮತ್ತೆ ಬ್ರೇಕೇ. ಖಾಲಿ ರಸ್ತೆಯಲ್ಲಿ ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ, ಸ್ಟೀರಿಂಗ್ ಹಗುರ ಹಿಡಿದು ತುಳಿದು ನೋಡಿದೆ. ಎಡಕ್ಕೆ ಎಳೆಯಿತು. ಅಡ್ಜಸ್ಟ್ ಮಾಡಿ, ಮತ್ತೆ ನೋಡಿ, ಸೀದಾ ನಿಲ್ಲುವವರೆಗೆ ಬಿಡಲಿಲ್ಲ. ತಿರುವಿನಲ್ಲಿ ಈ ಕಾರು ಕೊಡುವ ಮಜಾ ಮಾತಲ್ಲಿ ಹೇಳೋದು ಕಷ್ಟ. ಚಕ್ರಗಳು ನಾಲ್ಕು ಮೂಲೆಗೆ, ನಾವು ನೆಲಕ್ಕೆ ಹತ್ತಿರ, ಸ್ಟೀರಿಂಗ್ ಸ್ವಲ್ಪ ತಿರುಗಿಸಿದರೂ ಮೂತಿ ತಿರುಗುತ್ತದೆ. ಇದರ ಅಣ್ಣ, ಜೋರಾಗಿ ಓಡುವ ಮಿನಿ ಕೂಪರ್ ಎಸ್, 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು ಯಾಕೆ ಅಂತ ಒಂದೇ ತಿರುವಿಗೆ ಗೊತ್ತಾಗುತ್ತದೆ. ನೇರ ರಸ್ತೆಯಲ್ಲಿ ಮಾತ್ರ ಲಾರಿಗಳೂ ನನ್ನನ್ನು ಹಿಂದಿಕ್ಕುತ್ತವೆ.

ಮೊದಲ ಜೋರು ಮಳೆಯಲ್ಲಿ ನಿಂತುಹೋಯಿತು. ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮಿನಿಯಲ್ಲಿ ಇರುವುದು ಮುಂದಿನ ಗ್ರಿಲ್ ಹಿಂದೆಯೇ, ನೀರು ಸೀದಾ ಅದಕ್ಕೇ ಬಡಿಯುತ್ತದೆ. ಮಿನಿ ಇಟ್ಟುಕೊಂಡವರು ಇದಕ್ಕೆ ಬಹಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದಾರೆ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು. ಬೆರಳುಗಳ ತುದಿ ಕತ್ತರಿಸಿ ಡಿಸ್ಟ್ರಿಬ್ಯೂಟರ್ ಮೇಲೆ ಹಾಕಿದರೆ, ನಾಲ್ಕು ಬೆರಳಿಂದ ಪ್ಲಗ್ ವಯರ್‌ಗಳು, ಹೆಬ್ಬೆರಳಿಂದ ಕಾಯಿಲ್ ವಯರ್, ಸರಿಯಾಗಿ ಐದಕ್ಕೈದು. ನಾನು ಹಾಕಿರುವುದು ಹಳದಿ ಬಣ್ಣದ್ದು, ಗ್ರಿಲ್ ಸಂದಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಮಳೆಗೆ ನಿಂತಿಲ್ಲ. ಎರಡನೇ ಗೇರ್ ಹಾಕುವಾಗ ಗರ್ರ್ ಅನ್ನೋದು ಮಾತ್ರ ಹಾಗೇ ಇದೆ. ಅದನ್ನು ಸರಿಮಾಡಬೇಕಾದರೆ ಇಂಜಿನ್ನನ್ನೇ ಹೊರಗೆತ್ತಬೇಕು. ಸದ್ಯಕ್ಕೆ ಕ್ಲಚ್ಚನ್ನು ಎರಡು ಸಲ ತುಳಿದು ಗೇರ್ ಹಾಕುತ್ತಿದ್ದೇನೆ.