ಸಜ್ಜದ ಕೆಳಗಿನ ಗೀರು

ಡೆಲಿವರಿ ಹುಡುಗ ಫೋನ್ ಮಾಡಿ, "ಸಾರ್, ಇಲ್ಲೊಂದು ಪಾಳು ಮನೆ ಇದೆ, ಅದರ ಪಕ್ಕದ್ದಾ ನಿಮ್ದು?" ಅಂದ. ಕಿಟಕಿಯಿಂದ ಬಗ್ಗಿ ನೋಡಿದೆ. ನಮ್ಮ ಗೇಟಿನ ಮುಂದೆಯೇ ನಿಂತಿದ್ದ. "ಅದೇ ಕಣಪ್ಪ ಮನೆ, ಬಾ" ಅಂದೆ.

ಅವತ್ತೇ ತೀರ್ಮಾನ ಮಾಡಿದ್ದು, ಮನೆಯ ಮುಖ ಬದಲಾಯಿಸಬೇಕು ಅಂತ.

ನಮ್ಮದು ಮೈಸೂರಿನ ಕುವೆಂಪುನಗರ. ಮೂವತ್ತು ನಲವತ್ತರ ಸೈಟಿನಲ್ಲಿ ಅಪ್ಪ 1981ರಲ್ಲಿ ಕಟ್ಟಿಸಿದ ಮನೆ. ಸೈಟು ಸಿಐಟಿಬಿಯದ್ದು, ಅಂದರೆ ಆಗ ಊರಿನಲ್ಲಿ ಸೈಟು ಹಂಚುತ್ತಿದ್ದ ಸರಕಾರಿ ಮಂಡಳಿಯದ್ದು; ಮುಡಾ ಅನ್ನೋ ನಗರಾಭಿವೃದ್ಧಿ ಪ್ರಾಧಿಕಾರದ ಹೆಸರು ಬಂದದ್ದೇ 1988ರಲ್ಲಿ. ಆ ಕಾಲದ ಮನೆಗಳನ್ನು ನೋಡಿದವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಗೇಟಿನಲ್ಲಿ ಹುಟ್ಟುವ ಸೂರ್ಯ, ಕಿಟಕಿಯ ಗ್ರಿಲ್ಲಿನಲ್ಲೂ ಅದೇ ಸೂರ್ಯ. ಪೋರ್ಟಿಕೋಗೆ ಎರಡು ಕಂಬ, ಒಂದು ಕೆಂಪು ಆಕ್ಸೈಡಿನ ಜಗಲಿ. ತಾರಸಿಯ ಪ್ಯಾರಪೆಟ್ಟಿನಲ್ಲಿ ಸಿಮೆಂಟಿನ ಜಾಲಿ. ಪ್ರತಿ ಕಿಟಕಿಯ ಮೇಲೂ ಎರಡಡಿ ಮುಂದೆ ಚಾಚಿಕೊಂಡ ಸಜ್ಜ. ಪಡುವಣ ಗೋಡೆಯಲ್ಲಿ ಕಿಟಕಿಯ ಎರಡೂ ಪಕ್ಕ ಕಪ್ಪು ಪಾಚಿ, ಕಣ್ಣೀರಿಗೆ ಕಾಡಿಗೆ ಇಳಿದ ಹಾಗೆ.

ಪರಿಚಯದವರು ಎಲಿವೇಶನ್ ಮಾಡುವ ಒಬ್ಬ ಹುಡುಗನನ್ನು ಕಳಿಸಿದರು. ಚುರುಕಿನ ಹುಡುಗ. ನಾಲ್ಕು ಫೋಟೋ ತೆಗೆದುಕೊಂಡು ಹೋದವನು ಮೂರನೇ ದಿನ ಲ್ಯಾಪ್‌ಟಾಪ್ ತೆರೆದು ತೋರಿಸಿದ. ನಮ್ಮ ಮನೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಗೋಡೆಯೆಲ್ಲ ಗ್ರೇ, ಮಧ್ಯೆ ಮರದ ಬಣ್ಣದ ಶೀಟು, ಪ್ಯಾರಪೆಟ್ಟಿನ ಜಾಲಿ ಹೋಗಿ ಗಾಜು. ಸಜ್ಜಗಳೇ ಇಲ್ಲ. "ಕಟ್ ಮಾಡ್ಸಿ ಬಿಡೋಣ ಸಾರ್. ಮನೆಗೆ ವಯಸ್ಸಾಗಿ ಕಾಣೋದೇ ಅವುಗಳಿಂದ" ಅಂದ. ನನಗೂ ಸರಿ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಆ ಚಿತ್ರ ನೋಡಿ ಖುಷಿಯೇ ಆಗಿತ್ತು.

ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಚೆನ್ನಾಗಿದೆ. ಆದ್ರೆ ಬಾಳಿ ಬದುಕಿದ ಮನೆಗೆ ಯಾಕೋ ಬೂದಿ ಬಳಿಸ್ತೀಯ?"

ಹುಡುಗ ನಕ್ಕ. ನಾನು ನಗಲಿಲ್ಲ. ಅಮ್ಮ ಹಾಗೆ ಅಂದಮೇಲೆ ಆ ಬಣ್ಣ ನಮ್ಮ ಮನೆಗೆ ಬರೋದಿಲ್ಲ ಅಂತ ನನಗೆ ಗೊತ್ತು.

ಧನುರ್ಮಾಸದಲ್ಲಿ ಗೋಡೆಗೆ ಕೈ ಹಾಕೋದು ಬೇಡ ಅಂದರು ಅಮ್ಮ. ಸಂಕ್ರಾಂತಿ ಮುಗಿದ ಮೇಲೆ ಪೇಂಟರ್ ಬಂದರು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಚೆನ್ನಾಗಿ ಮಳೆ ಸುರಿದಿರುತ್ತದೆ. ಗೋಡೆ ಕುಡಿದ ನೀರು ಆರೋದಕ್ಕೆ ಅಷ್ಟು ಸಮಯ ಬೇಕು.

ಪೇಂಟರಿಗೆ ಅರವತ್ತು ದಾಟಿರಬೇಕು. ಬಂದವರೇ ಬಣ್ಣದ ಮಾತು ಎತ್ತಲಿಲ್ಲ. ಗೋಡೆಗೆ ಅಂಗೈ ಉಜ್ಜಿ ನನ್ನ ಮುಂದೆ ಹಿಡಿದರು. ಕೈಯೆಲ್ಲ ಬಿಳಿ ಪುಡಿ. "ಹಳೇ ಸಿಮೆಂಟ್ ಪೇಂಟು ಸಾರ್. ಇದರ ಮೇಲೆ ಎಷ್ಟು ದುಬಾರಿ ಎಮಲ್ಷನ್ ಹೊಡೆದ್ರೂ ಪುಡಿಗೆ ಅಂಟ್ಕೊಳ್ಳುತ್ತೆ, ಗೋಡೆಗಲ್ಲ. ಎರಡು ಮಳೆಗೆ ಹಪ್ಪಳ ಎದ್ದ ಹಾಗೆ ಎದ್ದು ಬರುತ್ತೆ." ಆಗಿನ ಕಾಲದಲ್ಲಿ ಈ ಸಿಮೆಂಟ್ ಪೇಂಟು ಪುಡಿಯಾಗಿಯೇ ಬರುತ್ತಿತ್ತು. ನೀರಲ್ಲಿ ಕಲಸಿ ಬಳಿದು, ಆಮೇಲೆ ಗೋಡೆಗೆ ನೀರು ಚಿಮುಕಿಸಬೇಕಿತ್ತು. ಅಪ್ಪ ಸಂಜೆ ಆಫೀಸಿಂದ ಬಂದು ಲುಂಗಿ ಎತ್ತಿ ಕಟ್ಟಿ ಪೈಪು ಹಿಡಿದು ನಿಲ್ಲುತ್ತಿದ್ದದ್ದು ನನಗೆ ನೆನಪಿದೆ.

ಹಾಗಾಗಿ ಮೊದಲ ವಾರವೆಲ್ಲ ಕೆರೆಯುವ ಕೆಲಸವೇ. ಸರ್ವೆ ಕಂಬ ಕಟ್ಟಿ ಇಬ್ಬರು ಹುಡುಗರು ಪಟ್ಟಿ, ವೈರ್ ಬ್ರಶ್ಶು, ಉಪ್ಪುಕಾಗದ ಹಿಡಿದು ನಿಂತರು. ಮನೆಯೊಳಗೆ ಕೂತರೆ ಹಲ್ಲು ಜುಂ ಅನ್ನೋ ಸದ್ದು. ಅಮ್ಮನ ತುಳಸಿಕಟ್ಟೆಗೆ ಹಳೇ ಸೀರೆ ಹೊದಿಸಿದ್ದೆವು, ಆದರೂ ತುಳಸಿ ಎಲೆಯ ಮೇಲೆ ಧೂಳು.

ಮೂರನೇ ದಿನ ಬೆಳಿಗ್ಗೆ ಪೇಂಟರ್ ನನ್ನನ್ನು ಪಡುವಣ ಕಿಟಕಿಯ ಹತ್ತಿರ ಕರೆದರು. ಕೈಯಲ್ಲಿ ಒಂದು ಚೊಂಬು ನೀರು. ಏಣಿ ಹತ್ತಿ ಅದನ್ನು ಸಜ್ಜದ ಮೇಲೆ ಸುರಿದರು. ನೀರು ಅಂಚಿನವರೆಗೆ ಬಂತು. ಅಲ್ಲಿಂದ ಕೆಳಗೆ ಬೀಳಲಿಲ್ಲ. ಅಂಚು ಬಳಸಿಕೊಂಡು ಸಜ್ಜದ ಹೊಟ್ಟೆಗೆ ಅಂಟಿ, ಒಳಕ್ಕೆ ಹರಿದು, ಗೋಡೆ ಸೇರಿತು. ಸರಿಯಾಗಿ ಆ ಕಪ್ಪು ಪಾಚಿ ಇದ್ದ ಜಾಗಕ್ಕೆ.

"ಇದೇ ಸಾರ್ ನಿಮ್ಮ ಸೀಪೇಜು."

ಆಮೇಲೆ ಒಂದು ಸ್ಕ್ರೂ ಡ್ರೈವರ್ ಕೇಳಿ ಪಡೆದು, ಸಜ್ಜದ ಕೆಳಗೆ, ಅಂಚಿನಿಂದ ಎರಡು ಇಂಚು ಒಳಗೆ, ಕುಕ್ಕುತ್ತಾ ಹೋದರು. ನನಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ, ನುಣ್ಣಗೆ ಇತ್ತು. ಕುಕ್ಕಿದ ಕಡೆ ಬಣ್ಣದ ಕಡ್ಡಿಗಳು ಮುರಿದು ಬಿದ್ದವು. ಒಂದನ್ನು ಎತ್ತಿ ನೋಡಿದೆ. ಬೆರಳಷ್ಟು ಉದ್ದ. ಅಡ್ಡಕ್ಕೆ ಮುರಿದಲ್ಲಿ ಪದರ ಪದರ: ಮೇಲೆ ಮಾಸಲು ಹಳದಿ, ಅದರ ಕೆಳಗೆ ಗುಲಾಬಿ, ತಿಳಿ ಹಸಿರು, ಕಟ್ಟಕಡೆಗೆ ಬಿಳಿ. ಗುಲಾಬಿ ಅಕ್ಕನ ಮದುವೆಗೆ ಬಳಿಸಿದ್ದು. ಹಸಿರು ನಾನು ಹೈಸ್ಕೂಲಿನಲ್ಲಿದ್ದಾಗಿನದು. ಬಿಳಿ ಗೃಹಪ್ರವೇಶದ್ದೇ ಇರಬೇಕು.

ಕುಕ್ಕಿ ಮುಗಿಸಿದಾಗ ಸಜ್ಜದ ಕೆಳಗೆ ಈ ಕಡೆಯಿಂದ ಆ ಕಡೆಯವರೆಗೆ ನೇರವಾದ ಒಂದು ಗೀರು ಕಾಣಿಸಿತು. ಅರ್ಧ ಇಂಚು ಅಗಲ ಇರಬಹುದು. ಪೇಂಟರ್ ಮತ್ತೆ ಒಂದು ಚೊಂಬು ನೀರು ಸುರಿದರು. ಈ ಸಲ ನೀರು ಅಂಚು ಬಳಸಿ ಬಂತು, ಗೀರಿನ ಹತ್ತಿರ ತಡವರಿಸಿ ನಿಂತಿತು, ಅಲ್ಲಿಂದಲೇ ಹನಿ ಹನಿಯಾಗಿ ನೆಲಕ್ಕೆ ಬಿತ್ತು. ಒಂದೇ ಸಾಲಿನಲ್ಲಿ. ಗೋಡೆ ಒಣಗಿದ ಹಾಗೇ ಇತ್ತು.

ನೀರು ಹತ್ತಿಕೊಂಡು ಗುಂಡಿ ದಾಟೋದಿಲ್ಲ, ಅಷ್ಟೇ ವಿದ್ಯೆ. ಕಟ್ಟಿದ ದಿನವೇ ಆ ಗೀರು ಇತ್ತು. ಪ್ರತಿ ಸಲ ಬಣ್ಣ ಬಳಿಸಿದಾಗಲೂ ನಾವೇ ಅದನ್ನು ಒಂದಿಷ್ಟು ಮುಚ್ಚಿಕೊಂಡು ಬಂದಿದ್ದೆವು. ಮನೆ ಚಂದ ಕಾಣಲಿ ಅಂತ.

ಸಜ್ಜ ಕತ್ತರಿಸುವ ಯೋಚನೆ ಹೇಳಿದೆ. ಪೇಂಟರ್ ಏಣಿಯ ಮೇಲಿಂದಲೇ ಕೆಳಗೆ ನೋಡಿದರು. "ಕೊಡೆ ಮುರಿದು ಹೊಸ ಬಟ್ಟೆ ಹಾಕ್ಕೊಂಡ ಹಾಗಾಗುತ್ತೆ."

ಒಳಗೆ ಬಂದು ಅಮ್ಮನಿಗೆ ಹೇಳಿದರೆ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಒಂದೂವರೆ ಅಡಿ ಸಾಕು ಸ್ವಾಮಿ ಅಂತ ಮೇಸ್ತ್ರಿ ಗೋಗರೆದ. ನಿಮ್ಮಪ್ಪ ಕೇಳಿದ್ರೆ ತಾನೆ" ಅಂದರು. ಸಿಮೆಂಟಿನ ಮೇಲಿನ ಸರಕಾರದ ಹಿಡಿತ ಸ್ವಲ್ಪ ಸಡಿಲವಾದದ್ದು 1982ರ ಫೆಬ್ರವರಿಯಲ್ಲಿ. ನಮ್ಮ ಮನೆ ಅದಕ್ಕಿಂತ ಮುಂಚಿನದು. ಪರ್ಮಿಟ್ಟಿಗೆ ಅಲೆದು, ಮೂಟೆ ಲೆಕ್ಕದಲ್ಲಿ ತಂದು, ರಾತ್ರಿ ಅದರ ಪಕ್ಕದಲ್ಲೇ ಮಲಗಿ ಕಾದಿದ್ದರಂತೆ. ಒಳಗಿನ ಗೋಡೆಗಳಿಗೆ ಸಿಮೆಂಟು ಉಳಿಸಿ ಸುಣ್ಣದ ಗಾರೆ ಹಾಕಿಸಿದ ಮನುಷ್ಯ, ಸಜ್ಜಕ್ಕೆ ಮಾತ್ರ ಅರ್ಧ ಅಡಿ ಜಾಸ್ತಿ ಸುರಿದಿದ್ದರು.

ಎಲಿವೇಶನ್ ಹುಡುಗನಿಗೆ ಅವನ ಚಿತ್ರದ ದುಡ್ಡು ಕೊಟ್ಟು, ಮುಂದಕ್ಕೆ ಬೇಡ ಅಂತ ಹೇಳಿದೆ. ಪಾಪ, ಅವನ ತಪ್ಪೇನಿಲ್ಲ. ನಾನು ಹೊಸ ಮುಖ ಕೇಳಿದ್ದೆ, ಅವನು ಕೊಟ್ಟ.

ಉಳಿದದ್ದು ಬೇಗ ಮುಗಿಯಿತು. ಹನ್ನೊಂದು ಸಜ್ಜಗಳ ಗೀರೂ ಬಿಡಿಸಿದರು. ಪಾಚಿ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಬಿರುಕು ತುಂಬಿ, ಎರಡು ವಾರ ಬಿಸಿಲಿಗೆ ಬಿಟ್ಟು, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟು. 20 ಲೀಟರಿನ ಎರಡು ಬಕೆಟ್ ಸಾಕಾಯಿತು. ಗೋಡೆಗೆ ಕೆನೆ ಬಣ್ಣ, ಸಜ್ಜದ ಅಂಚಿಗೆ ಇಟ್ಟಿಗೆ ಬಣ್ಣ. ಅಂಚಿಗೆ ಬೇರೆ ಬಣ್ಣ ಕೊಟ್ಟ ಮೇಲೆ ಆ ಸಜ್ಜಗಳೇ ಮನೆಗೆ ಒಂದು ಕಳೆ ತಂದವು. ಗೇಟಿನ ಸೂರ್ಯ ಗಟ್ಟಿಯಾಗಿಯೇ ಇದ್ದ. ಕೆಳಗಿನ ತಗಡು ಮಾತ್ರ ತುಕ್ಕು ತಿಂದಿತ್ತು, ವೆಲ್ಡಿಂಗಿನವರು ಅದೊಂದನ್ನು ಬದಲಾಯಿಸಿದರು.

ಒಂದು ತಪ್ಪು ನನ್ನದು. ಏನಾದರೂ ಒಂದು ಹೊಸದು ಇರಲೇಬೇಕು ಅಂತ ಹಠ ಹಿಡಿದು ಪೋರ್ಟಿಕೋದ ಒಂದು ಗೋಡೆಗೆ ಉಬ್ಬುತಗ್ಗಿನ ಕಲ್ಲಿನ ಕ್ಲ್ಯಾಡಿಂಗ್ ಹಾಕಿಸಿದೆ. ನೋಡೋಕೆ ಜೋರಾಗಿದೆ. ಆದರೆ ಪ್ರತಿ ಕಲ್ಲಿನ ಮೇಲೂ ಧೂಳು ಕೂರುತ್ತದೆ, ಸಂದಿಯಲ್ಲಿ ಜೇಡ ಬಲೆ ಕಟ್ಟುತ್ತದೆ. ಭಾನುವಾರ ಹಳೇ ಟೂತ್ ಬ್ರಶ್ ಹಿಡಿದು ನಾನೇ ಉಜ್ಜಬೇಕು. ಅಮ್ಮ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾ, "ಆ ಮೂಲೇಲಿ ಇನ್ನೂ ಇದೆ ನೋಡು" ಅನ್ನುತ್ತಾರೆ.

ಮೇ ತಿಂಗಳಲ್ಲಿ ಮೊದಲ ಗುಡುಗು ಮಳೆ ಬಂತು. ಸಂಜೆ ಐದರ ಹೊತ್ತು, ಪಡುವಣದಿಂದಲೇ ಗಾಳಿ. ನಾನು ಕಿಟಕಿ ಹಾಕದೆ ನಿಂತುಕೊಂಡೆ. ಸಜ್ಜದ ಕೆಳಗಿಂದ ಹನಿಗಳು ಸಾಲಾಗಿ, ಮಣಿ ಪೋಣಿಸಿದ ಹಾಗೆ ಇಳಿಯುತ್ತಿದ್ದವು. ಅದರಾಚೆ ಎದುರು ಮನೆಯ ಗಾಜಿನ ರೇಲಿಂಗ್ ಮಸುಕು ಮಸುಕು. ಕೈ ಚಾಚಿ ನಮ್ಮ ಗೋಡೆ ಮುಟ್ಟಿ ನೋಡಿದೆ. ಒಣಗಿತ್ತು.

"ಅಮ್ಮಾ, ಬಂದು ನೋಡು" ಅಂತ ಕರೆದೆ.

ಅಮ್ಮ ಬಂದರು, ಒಂದು ನಿಮಿಷ ನೋಡಿದರು. "ಸುಮ್ನೆ ನಿಂತು ಏನು ನೋಡ್ತೀಯ, ಆ ಸಾಲಿನ ಕೆಳಗೆ ಬಣ್ಣದ ಖಾಲಿ ಬಕೆಟ್ ಎರಡನ್ನೂ ಇಡೋ. ನಾಳೆ ಗಿಡಕ್ಕಾಗುತ್ತೆ."