ಪಿಡಿಎಫ್ ಇದ್ರೆ ಕಳ್ಸಿ ಅನ್ನುವವರಿಗೆ

"ಅಣ್ಣಾ, ಲಿನಕ್ಸ್ ಕಲಿಯೋಕೆ ಯಾವ್ದಾದ್ರೂ ಫ್ರೀ ಪಿಡಿಎಫ್ ಇದ್ರೆ ಕಳ್ಸಿ."

ಗೋಣಿಕೊಪ್ಪಲಿನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ, ಜೊತೆಗೊಂದು ಜೆರಾಕ್ಸ್ ಮಷಿನ್. ಹೀಗೆ ಕೇಳುವವರು ಅಂಗಡಿಗೆ ಬರುತ್ತಾರೆ, ವಾಟ್ಸಾಪಿಗೆ ಬರುತ್ತಾರೆ, ಸಂತೆಯಲ್ಲಿ ಮೀನು ಆರಿಸುತ್ತಿದ್ದಾಗ ಬೆನ್ನು ತಟ್ಟಿಯೂ ಕೇಳಿದ್ದಾರೆ. ಮೊದಲೆಲ್ಲ ಕೂರಿಸಿ, ಟೀ ತರಿಸಿ, ಸಮಾಧಾನವಾಗಿ ಹೇಳುತ್ತಿದ್ದೆ. ಈಗ ಆಗುವುದಿಲ್ಲ. ಒಂದು ಸಲ ಬರೆದು ಬಿಸಾಕುತ್ತೇನೆ, ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ. ಬೇಜಾರಾದರೆ ಆಗಲಿ.

ಈ ಕಾಟ ಜಾಸ್ತಿಯಾಗಿದ್ದು ವಿಂಡೋಸ್ 10ರಿಂದ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಅಪ್‌ಡೇಟ್ ನಿಲ್ಲಿಸಿತು. ಹಳೇ ಲ್ಯಾಪ್‌ಟಾಪುಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಹೊಸದು ತಗೊಳ್ಳೋಕೆ ದುಡ್ಡಿಲ್ಲದವರಿಗೆ ನಾನು ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ, ವಿಂಡೋಸ್ ಬದಲು ಹಾಕಿಕೊಳ್ಳುವ ಫ್ರೀ ಸಿಸ್ಟಂ ಅದು. ಮನೆಗೆ ಹೋಗಿ ಆನ್ ಮಾಡುತ್ತಾರೆ, ಎರಡು ಐಕಾನ್ ಒತ್ತುತ್ತಾರೆ, ಆಮೇಲೆ ನನಗೆ ಮೆಸೇಜ್. ಏನು ಕಲಿಯಬೇಕು ಅಂತ ತಿರುಗಿ ಕೇಳಿದರೆ "ಎಲ್ಲಾ" ಅನ್ನುತ್ತಾರೆ. ಎಲ್ಲಾ ಅನ್ನುವ ಪುಸ್ತಕ ಯಾರೂ ಬರೆದಿಲ್ಲ ಮಾರಾಯರೇ.

ಅದಿರಲಿ. ನನಗೆ ಸಿಟ್ಟು ಬರುವುದು ಕೇಳುವ ದನಿಗೆ. ಸುತ್ತಮುತ್ತ ನೋಡಿ, ಕೌಂಟರ್ ಮೇಲೆ ಬಗ್ಗಿ, ಮೆಲ್ಲಗೆ ಕೇಳುತ್ತಾರೆ. ನಾನು ಏನೋ ಎರಡನೇ ನಂಬರ್ ವ್ಯಾಪಾರ ಮಾಡುತ್ತಿದ್ದೇನೆ, ಪುಸ್ತಕಗಳನ್ನು ಎಲ್ಲೋ ಒಳಗೆ ಬಚ್ಚಿಟ್ಟಿದ್ದೇನೆ, ಬೇಕಾದವರಿಗೆ ಮಾತ್ರ ಕೊಡುತ್ತೇನೆ ಅನ್ನುವ ಹಾಗೆ.

ವಿರಾಜಪೇಟೆಯ ಒಂದು ಮದುವೆಯಲ್ಲಿ ಇದು ಮೆಲ್ಲಗೆ ಅಲ್ಲ, ಜೋರಾಗಿಯೇ ಬಂತು. ಊಟಕ್ಕೆ ಕೂತಿದ್ದೆವು. ಕಡಂಬಿಟ್ಟು ಬಂದಾಗಿತ್ತು, ಪಂದಿ ಕರಿ ಬಡಿಸುತ್ತಿದ್ದರು. ಎದುರಿಗಿದ್ದವರು ಒಬ್ಬ ತೋಟದವರು, ವಯಸ್ಸಿನಲ್ಲಿ ಹಿರಿಯರು, ಅಂಗಡಿಯ ಹಳೇ ಗಿರಾಕಿ. ಇಡೀ ಮೇಜಿಗೆ ಕೇಳುವ ಹಾಗೆ, "ಏನಪ್ಪಾ, ಆ ಕದ್ದ ಪುಸ್ತಕ ಎಲ್ಲಾ ಇಟ್ಕೊಂಡಿದ್ದೀಯಂತಲ್ಲ, ನಮ್ಮ ಹುಡುಗನಿಗೂ ಒಂದು ಹಾಕ್ಕೊಡು" ಅಂದರು.

"ಕದ್ದಿದ್ದಲ್ಲ ಅಂಕಲ್. ಬರೆದವರೇ ಕೊಟ್ಟಿರೋದು."

"ಬರೆದವರು ಯಾಕಪ್ಪಾ ಸುಮ್ನೆ ಕೊಡ್ತಾರೆ?"

"ಕೊಡಬೇಕು ಅನ್ನಿಸಿದೆ, ಕೊಟ್ಟಿದ್ದಾರೆ."

"ಏನೋ ಇರುತ್ತೆ ಕಣಪ್ಪ ಅದ್ರಲ್ಲಿ. ಫ್ರೀ ಅಂತ ಕೊಟ್ಟು ಆಮೇಲೆ ಅಕೌಂಟಿಂದ ದುಡ್ಡು ಎಳೀತಾರೆ."

ಮೇಜಿನವರೆಲ್ಲ ಹೌದು ಹೌದು ಅಂದರು. ವಾಟ್ಸಾಪಿನಲ್ಲಿ ಮದುವೆ ಕಾಗದ ಅಂತ ಬಂದ ಎಪಿಕೆ ಫೈಲ್ ಒತ್ತಿ ದುಡ್ಡು ಕಳೆದುಕೊಂಡ ಯಾರದೋ ಭಾವನ ಕಥೆ ಶುರುವಾಯಿತು. ಮಾತು ಪೂರ್ತಿ ಆ ಕಡೆ ಹೋಯಿತು. ಕೈಯೆಲ್ಲ ಕರಿ ಮೆತ್ತಿಕೊಂಡು ನಾನು ಕ್ರಿಯೇಟಿವ್ ಕಾಮನ್ಸ್ ಅಂದರೇನು, ಬರೆದವರೇ ಹಂಚಲು ಹೇಗೆ ಅನುಮತಿ ಕೊಡುತ್ತಾರೆ ಅಂತ ವಿವರಿಸಲು ಹೊರಟಿದ್ದೆ, ಆ ಹೊತ್ತಿಗೆ ಯಾರಿಗೂ ಬೇಕಿರಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದೆ, "ಅಂಕಲ್, ನಿಮ್ಮ ತೋಟದ ಪಣಿಯೂರು ಮೆಣಸಿನ ಬಳ್ಳಿನ ಎಷ್ಟು ಜನ ತುಂಡು ಮಾಡ್ಕೊಂಡು ಹೋಗಿದ್ದಾರೆ? ದುಡ್ಡು ತಗೊಂಡ್ರಾ?"

"ಅದು ಬಳ್ಳಿ ಮಾರಾಯ. ಕೊಟ್ರೆ ನಂಗೇನು ಕಮ್ಮಿ ಆಗುತ್ತೆ?"

ಉತ್ತರ ಅವರೇ ಹೇಳಿಯಾಗಿತ್ತು. ಗೊತ್ತಾಗಲಿಲ್ಲ ಅಷ್ಟೆ. ಇನ್ನೊಂದು ಸೌಟು ಕರಿ ಹಾಕಿಸಿಕೊಂಡರು.

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ವಿಲಿಯಂ ಶಾಟ್ಸ್ ಬರೆದ 'ದಿ ಲಿನಕ್ಸ್ ಕಮಾಂಡ್ ಲೈನ್' ಅವರದೇ ತಾಣದಲ್ಲಿ ಪೂರ್ತಿ ಪಿಡಿಎಫ್ ಆಗಿ ಸಿಗುತ್ತದೆ. ಅದನ್ನೇ ನೋ ಸ್ಟಾರ್ಚ್ ಪ್ರೆಸ್ ಅಚ್ಚು ಹಾಕಿ ಮಾರುತ್ತದೆ. ಬೇಕಾದವರು ಕೊಳ್ಳುತ್ತಾರೆ, ಬೇಡದವರು ಇಳಿಸಿಕೊಳ್ಳುತ್ತಾರೆ. ಪ್ರೋಗ್ರಾಂ ಬರೆಯುವವರು ತಮ್ಮ ತಿದ್ದುಪಡಿಗಳ ಲೆಕ್ಕ ಇಡಲು ಬಳಸುವ ಗಿಟ್ ಅನ್ನುವ ಸಾಫ್ಟ್‌ವೇರ್ ಬಗ್ಗೆ ಬರೆದ 'ಪ್ರೊ ಗಿಟ್' ಕೂಡ ಹಾಗೇ, ಅದರ ಅಚ್ಚಿನ ಪ್ರತಿ ಏಪ್ರೆಸ್‌ನದು, ಫೈಲ್ ಗಿಟ್‌ನ ತಾಣದಲ್ಲೇ ಇದೆ. ಬರೆದ ಇಬ್ಬರಲ್ಲಿ ಒಬ್ಬರಾದ ಸ್ಕಾಟ್ ಚಾಕನ್, ಗಿಟ್ ಬಳಸಿ ಕೋಡ್ ಇಡುವ ತಾಣವಾದ ಗಿಟ್‌ಹಬ್ ಕಟ್ಟಿದವರಲ್ಲೂ ಒಬ್ಬರು. ಗಿಟ್ ಕಲಿತವರು ಜಾಸ್ತಿಯಾದರೆ ಅವರಿಗೆ ನಷ್ಟವೇನಿಲ್ಲ, ಅಲ್ವಾ? ಡೆಬಿಯನ್ ಅಂತ ಇನ್ನೊಂದು ಬಗೆಯ ಲಿನಕ್ಸ್ ಇದೆ, ಅದರ ಆಡಳಿತದ ಕೈಪಿಡಿಯ ಕಥೆ ಇನ್ನೂ ಚೆನ್ನಾಗಿದೆ. ರಫಾಯೆಲ್ ಹರ್ಟ್ಸಾಗ್, ರೋಲಾಂ ಮಾಸ್ ಅನ್ನುವ ಇಬ್ಬರು ಬರೆದದ್ದು. ಮೊದಲು ಫ್ರೆಂಚಿನಲ್ಲಿ, ದುಡ್ಡು ಕೊಟ್ಟು ಕೊಳ್ಳುವ ಪುಸ್ತಕವಾಗಿ ಬಂತು. ಆಮೇಲೆ ಅವರೇ ಇಂಗ್ಲಿಷಿಗೆ ತಂದರು. ಓದುವವರು ಅಲ್ಲಿಷ್ಟು ಇಲ್ಲಿಷ್ಟು ದುಡ್ಡು ಹಾಕಿ, 2012ರಲ್ಲಿ ಅದು ಎಲ್ಲರಿಗೂ ಬಿಡುಗಡೆಯಾಗುವ ಹಾಗೆ ಮಾಡಿದರು. ಅಂದರೆ ನಿಮ್ಮ ಫ್ರೀ ಪುಸ್ತಕಕ್ಕೆ ಯಾರೋ ಆಗಲೇ ದುಡ್ಡು ಕೊಟ್ಟಿದ್ದಾರೆ. ನಿಮ್ಮ ಅಕೌಂಟಿಂದ ಎಳೆಯಬೇಕಾಗಿಲ್ಲ.

ಕದ್ದ ಪುಸ್ತಕ ಇಲ್ಲವೇ ಇಲ್ಲ ಅಂತಲ್ಲ. ಟೆಲಿಗ್ರಾಮ್ ಗುಂಪುಗಳಲ್ಲಿ ರಾಶಿ ಬಿದ್ದಿವೆ. ಪತ್ತೆ ಮಾಡುವುದು ಕಷ್ಟವೂ ಅಲ್ಲ. ಮುಖಪುಟ ದಾಟಿ ಒಂದೆರಡು ಪುಟ ಸರಿಸಿ. ಸಣ್ಣ ಅಕ್ಷರದ ಪುಟ ಒಂದು ಬರುತ್ತದಲ್ಲ, ಎಲ್ಲರೂ ಹಾರಿಸಿ ಹೋಗುವಂಥದ್ದು, ಅಲ್ಲಿ ನಿಲ್ಲಿ. ಕ್ರಿಯೇಟಿವ್ ಕಾಮನ್ಸ್ ಅಂತಲೋ ಗ್ನೂ ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್ ಅಂತಲೋ ಇದ್ದರೆ ಧೈರ್ಯವಾಗಿ ಓದಿ. ಎಲ್ಲ ಹಕ್ಕು ಕಾದಿರಿಸಿದೆ ಅಂತ ಇದ್ದು, ಫೈಲ್ ಹೆಸರಿನ ಕೊನೆಗೆ ಯಾವುದೋ ಗುಂಪಿನ ಹೆಸರು ಅಂಟಿಕೊಂಡಿದ್ದರೆ, ಅದನ್ನು ನನ್ನ ಅಂಗಡಿಗೆ ಪ್ರಿಂಟಿಗೆ ತರಬೇಡಿ. ಸಾಚಾ ಪುಸ್ತಕ ಇಷ್ಟೊಂದು ಇರುವಾಗ ಕದ್ದದ್ದು ಯಾಕೆ ಬೇಕು ಅನ್ನುವುದೇ ನನಗೆ ಅರ್ಥವಾಗುವುದಿಲ್ಲ.

ಸರಿ, ಯಾವುದು ಓದಬೇಕು? ಕೇಳಿದವರಲ್ಲಿ ಹೆಚ್ಚಿನವರಿಗೆ ಲಿನಕ್ಸ್ ಪುಸ್ತಕವೇ ಬೇಡ. ಅವರಿಗೆ ಬೇಕಾದದ್ದು ಎಂಎಸ್ ಆಫೀಸ್ ಥರದ್ದೇ ಆದ ಲಿಬ್ರೆ ಆಫೀಸ್. ಆಳುಗಳ ವಾರದ ಲೆಕ್ಕ, ಕಾಫಿ ಕುಯ್ಲಿನ ಲೆಕ್ಕ ಇಡಬೇಕು, ಅಷ್ಟೆ. ಅದಕ್ಕೆ ಲಿಬ್ರೆ ಆಫೀಸಿನವರೇ ಬರೆದ, ಲೆಕ್ಕದ ಕ್ಯಾಲ್ಕ್ ಗೈಡ್ ಇದೆ, ಬರವಣಿಗೆಯ ರೈಟರ್ ಗೈಡ್ ಇದೆ, ಅವರ ತಾಣದಲ್ಲೇ. ಕಮಾಂಡ್ ಹೊಡೆದು ಕಂಪ್ಯೂಟರ್ ನಡೆಸಲು ಕಲಿಯುವವರಿಗೆ ಶಾಟ್ಸ್. ಪ್ರೋಗ್ರಾಮಿಂಗ್‌ಗೆ 'ಎ ಬೈಟ್ ಆಫ್ ಪೈಥಾನ್', ಬರೆದವರು ನಮ್ಮ ಬೆಂಗಳೂರಿನ ಸ್ವರೂಪ್. ಇನ್ನೂ ಬೇಕು ಅಂದರೆ ಗಿಟ್‌ಹಬ್‌ನಲ್ಲಿ 'ಫ್ರೀ ಪ್ರೋಗ್ರಾಮಿಂಗ್ ಬುಕ್ಸ್' ಅಂತ ಒಂದು ಪಟ್ಟಿ ಇದೆ, ಒಂದು ಜನ್ಮಕ್ಕೆ ಮುಗಿಯುವುದಿಲ್ಲ. ಡೆಬಿಯನ್ ಹಾಕಿಕೊಂಡವರು ಹುಡುಕಲೂ ಬೇಕಾಗಿಲ್ಲ, ಆ ಕೈಪಿಡಿ ಒಂದು ಪ್ಯಾಕೇಜ್ ಆಗಿಯೇ ಇದೆ, ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳುವ ಹಾಗೆ ಅದನ್ನೂ ಹಾಕಿಕೊಳ್ಳಬಹುದು. ಇಂಗ್ಲಿಷ್ ಓದುವುದು ಕಷ್ಟ ಅನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವೀಡಿಯೊಗಳಿವೆ, ಕನ್ನಡದ ದನಿಯಲ್ಲೇ. ಇಷ್ಟೇ ಉತ್ತರ. ಕೇಳಿದ್ದು ಇದನ್ನೇ ತಾನೇ?

ಯಾರೂ ಕೇಳದ ಪ್ರಶ್ನೆ ಬೇರೆ ಇದೆ. "ಅಣ್ಣಾ, ಇದನ್ನ ನಾನು ಬೇರೆಯವರಿಗೆ ಕೊಡಬಹುದಾ?"

ಕೊಡಬಹುದು ಮಾರಾಯರೇ! ಲೈಸೆನ್ಸ್ ಇರುವುದೇ ಅದಕ್ಕೆ. ಆದರೆ ಎಲ್ಲರೂ ನನ್ನಿಂದ ಇಸಿದುಕೊಳ್ಳುತ್ತಾರೆ, ಅಲ್ಲಿಗೆ ನಿಂತಿತು. ತಂಗಿ ಕೇಳಿದರೆ ಅವಳನ್ನೂ ನನ್ನ ಅಂಗಡಿಗೇ ಕಳಿಸುತ್ತಾರೆ. ಒಂದು ಫೈಲ್ ಅಣ್ಣನ ಫೋನಿಂದ ತಂಗಿಯ ಫೋನಿಗೆ ಹೋಗಲು ಗೋಣಿಕೊಪ್ಪಲಿಗೆ ಬಂದು ಹೋಗಬೇಕಾ?

ಮಳೆಗಾಲದಲ್ಲಂತೂ ಇದು ಗೊತ್ತಿರಲೇಬೇಕು. ಮರ ಬಿದ್ದು ಕರೆಂಟ್ ಹೋಗುತ್ತದೆ. ಟವರ್‌ನ ಡೀಸೆಲ್ ಮುಗಿಯುವವರೆಗೆ ನೆಟ್‌ವರ್ಕ್, ಆಮೇಲೆ ಅದೂ ಇಲ್ಲ. ಆಗ ನಾನು ಮಾಡುವುದು ಇದು. ಚಾರ್ಜ್ ಇರುವ ಲ್ಯಾಪ್‌ಟಾಪಿನಲ್ಲಿ ಕ್ಯಾಲಿಬರ್ ಅನ್ನುವ ಸಾಫ್ಟ್‌ವೇರ್ ಇದೆ, ಕೋವಿದ್ ಗೋಯಲ್ ಬರೆದದ್ದು, ಪುಸ್ತಕಗಳ ಬೀರು ಅಂದುಕೊಳ್ಳಿ. ಅದರಲ್ಲಿ ಕಂಟೆಂಟ್ ಸರ್ವರ್ ಅಂತ ಒಂದು ಬಟನ್. ಒತ್ತುತ್ತೇನೆ. ಲ್ಯಾಪ್‌ಟಾಪಿನದ್ದೇ ಹಾಟ್‌ಸ್ಪಾಟ್ ಆನ್ ಮಾಡುತ್ತೇನೆ. ಅಂಗಡಿಯಲ್ಲಿ ಕೂತವರು ತಮ್ಮ ಫೋನನ್ನು ಅದಕ್ಕೆ ಸೇರಿಸಿ, ಬ್ರೌಸರಿನಲ್ಲಿ 10.42.0.1:8080 ಅಂತ ಹೊಡೆದರೆ ಅಷ್ಟೂ ಪುಸ್ತಕ ಮುಖಪುಟ ಸಮೇತ ಬರುತ್ತದೆ. ಡೇಟಾ ಬೇಡ, ಟವರ್ ಬೇಡ. ಲಿನಕ್ಸ್ ಮಿಂಟ್‌ನಲ್ಲಿ ಸಾಮಾನ್ಯವಾಗಿ ಆ ವಿಳಾಸವೇ ಇರುತ್ತದೆ. ಫೋನಿನಲ್ಲಿ ಓದುವವರು ಪಿಡಿಎಫ್ ಬಿಟ್ಟು ಇಪಬ್ ಇದ್ದರೆ ಅದನ್ನೇ ತಗೊಳ್ಳಿ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಸರಿದುಕೊಳ್ಳುತ್ತದೆ. ಪಿಡಿಎಫ್‌ನಲ್ಲಿ ಎಡಕ್ಕೂ ಬಲಕ್ಕೂ ಎಳೆದಾಡಿ ಕುತ್ತಿಗೆ ನೋವು ಬರುತ್ತದೆ.

ಕೊಡುವುದರ ಮುಂದಿನ ಹೆಜ್ಜೆಯೂ ಇದೆ, ಬದಲಾಯಿಸುವುದು. 1999ರಲ್ಲಿ ಅಮೆರಿಕದ ಅಲೆನ್ ಡೌನಿ ಅನ್ನುವ ಮೇಷ್ಟ್ರು ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಪಾಠಕ್ಕೆ ಒಂದು ಸಣ್ಣ ಪುಸ್ತಕ ಬರೆದರು. ನಕಲು ಮಾಡಿ, ಬೇಕಾದ ಹಾಗೆ ತಿದ್ದಿಕೊಳ್ಳಿ ಅಂತ ಬಿಟ್ಟರು. ವರ್ಜೀನಿಯಾದ ಒಂದು ಹೈಸ್ಕೂಲಿನಲ್ಲಿ ಜೆಫ್ ಎಲ್ಕ್‌ನರ್ ಅನ್ನುವ ಇನ್ನೊಬ್ಬ ಮೇಷ್ಟ್ರು ಅದನ್ನು ಎತ್ತಿಕೊಂಡು, ಜಾವಾ ತೆಗೆದು ಪೈಥಾನ್ ಹಾಕಿ, ಡೌನಿಗೇ ಕಳಿಸಿದರು. ಡೌನಿಗೆ ಆಗ ಪೈಥಾನ್ ಬರುತ್ತಿರಲಿಲ್ಲ. ತಾನು ಬರೆದ ಪುಸ್ತಕ ಓದಿಯೇ ಪೈಥಾನ್ ಕಲಿತೆ ಅಂತ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಅದೇ ಬೆಳೆದು 'ಥಿಂಕ್ ಪೈಥಾನ್' ಆಯಿತು. ಕೇಳಿ ಪಡೆದು ಫೋನಿನಲ್ಲಿ ಮಲಗಿಸಿದ್ದರೆ ಇದು ಆಗುತ್ತಿತ್ತಾ?

ಕನ್ನಡಕ್ಕೆ ಮಾಡಬಹುದಾ ಅಂತ ಯಾರಾದರೂ ಕೇಳಿದರೆ ನಾನೇ ಟೀ ಕುಡಿಸುತ್ತೇನೆ. ಇಲ್ಲಿ ಮಾತ್ರ ಹುಷಾರಾಗಿರಬೇಕು. ಶಾಟ್ಸ್ ಪುಸ್ತಕದ ಲೈಸೆನ್ಸಿನಲ್ಲಿ ಪ್ರತಿ ಹಂಚಬಹುದು, ಅನುವಾದ ಮಾಡಿ ಹಂಚಬೇಕಾದರೆ ಅವರನ್ನು ಕೇಳಬೇಕು. 'ಪ್ರೊ ಗಿಟ್' ಅನುವಾದ ಮಾಡಬಹುದು, ಮಾರುವಂತಿಲ್ಲ. 'ಎ ಬೈಟ್ ಆಫ್ ಪೈಥಾನ್' ಅನುವಾದವೂ ಮಾಡಬಹುದು, ಮಾರಲೂಬಹುದು, ಬರೆದವರ ಹೆಸರು ಹಾಕಿ ಅದೇ ಲೈಸೆನ್ಸಿನಲ್ಲಿ ಬಿಡಬೇಕು ಅಷ್ಟೆ. ಮಾಕುಟ್ಟದ ಗೇಟ್ ದಾಟಿದರೆ ಕೇರಳ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಆ ಪಠ್ಯ ಕನ್ನಡದಲ್ಲೂ ಇದೆ. ನಾವಿಲ್ಲಿ ಕೂತು ಪಿಡಿಎಫ್ ಇದ್ರೆ ಕಳ್ಸಿ.

ಇನ್ನು ಪ್ರಿಂಟ್. ಶಾಟ್ಸ್ ಪುಸ್ತಕ ಐನೂರಕ್ಕೂ ಹೆಚ್ಚು ಪುಟ. ಇಡೀ ಪುಸ್ತಕ ಪ್ರಿಂಟ್ ಹಾಕಿ ಅನ್ನುವವರಿಗೆ ನಾನು ಮೊದಲ ಭಾಗ ಮಾತ್ರ ಹಾಕಿಕೊಡುತ್ತೇನೆ, ಮುಗಿಸಿ ಬನ್ನಿ, ಮುಂದಿನದು ಹಾಕುತ್ತೇನೆ ಅನ್ನುತ್ತೇನೆ. ವ್ಯಾಪಾರ ಬೇಡವಾ ಅಂತ ಕೇಳುತ್ತಾರೆ. ವ್ಯಾಪಾರಕ್ಕೆ ಬಳಸಬಾರದು ಅಂತ ಲೈಸೆನ್ಸಿನಲ್ಲೇ ಇರುವ ಪುಸ್ತಕವನ್ನು ದುಡ್ಡು ತಗೊಂಡು ಪ್ರಿಂಟ್ ಹಾಕಬಹುದಾ ಅಂತಲೂ ಒಬ್ಬರು ಸವಾಲು ಹಾಕಿದರು. ಇದೇ ಜಗಳ ಅಮೆರಿಕದಲ್ಲಿ ಕೋರ್ಟಿಗೆ ಹೋಗಿತ್ತು. ಶಾಲೆಗಳು ಇಂಥದ್ದೇ ಲೈಸೆನ್ಸಿನ ಪಾಠಗಳನ್ನು ಫೆಡೆಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿಕೊಂಡಿದ್ದವು. ಶಾಲೆಯ ಪರವಾಗಿ ಕೂಲಿ ತಗೊಂಡು ಪ್ರತಿ ಮಾಡಿಕೊಟ್ಟರೆ ಅಂಗಡಿಯದ್ದು ತಪ್ಪಲ್ಲ ಅಂತ 2018ರಲ್ಲಿ ತೀರ್ಪು ಬಂತು. ಅಲ್ಲಿನ ತೀರ್ಪು ಇಲ್ಲಿ ನಡೆಯಬೇಕು ಅಂತೇನಿಲ್ಲ, ಆದರೆ ನನಗೆ ಸರಿ ಅನ್ನಿಸಿದೆ. ನೀವು ಫೈಲ್ ತಂದರೆ ಪುಟದ ಲೆಕ್ಕದಲ್ಲಿ ಪ್ರಿಂಟಿನ ದುಡ್ಡು ತಗೊಳ್ಳುತ್ತೇನೆ. ಮೊದಲೇ ಸ್ಪೈರಲ್ ಬೈಂಡಿಂಗ್ ಮಾಡಿ ಜೋಡಿಸಿಟ್ಟು ಮಾರು ಅಂತ ಪಕ್ಕದ ಅಂಗಡಿಯವರು ಹೇಳುತ್ತಲೇ ಇರುತ್ತಾರೆ. ಶಾಟ್ಸ್ ಪುಸ್ತಕವನ್ನಾಗಲೀ 'ಪ್ರೊ ಗಿಟ್' ಅನ್ನಾಗಲೀ ಹಾಗೆ ಮಾರುವಂತಿಲ್ಲ. ಡೆಬಿಯನ್ ಕೈಪಿಡಿಯನ್ನು ಮಾರಬಹುದು. ಒಂದು ಪ್ರತಿ ಬೈಂಡ್ ಮಾಡಿಯೂ ಇಟ್ಟಿದ್ದೇನೆ. ಮದುವೆಯಲ್ಲಿ ಸಿಕ್ಕಿದ್ದ ಅಂಕಲ್ ಮೊನ್ನೆ ಬಂದವರು ಅದನ್ನು ಎತ್ತಿ, ತೂಗಿ ನೋಡಿ, "ಇದಕ್ಕೆ ದುಡ್ಡು ಯಾಕಪ್ಪಾ, ಫ್ರೀ ಅಂದಿದ್ದೆಯಲ್ಲ?" ಅಂತ ಕೇಳಿದರು.