ಮಂಡ್ಯದ ಪಿಕಪ್ ಸಿಸ್ಸುವಿನ ಹಿಮದಲ್ಲಿ: ಫೋರ್ ಬೈ ಫೋರ್ ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು

ಮಂಡ್ಯದಿಂದ ಮನಾಲಿಗೆ ರಸ್ತೆಯಲ್ಲಿ ಸುಮಾರು 2,800 ಕಿ.ಮೀ. ಹೈದರಾಬಾದ್, ನಾಗಪುರ, ಝಾನ್ಸಿ, ದೆಹಲಿ, ಚಂಡೀಗಢ ದಾಟಿ ಮನಾಲಿ ಸೇರುವವರೆಗೆ ಗಾಡಿ 2ಎಚ್‌ನಲ್ಲೇ, ಅಂದರೆ ಎರಡೇ ಚಕ್ರಕ್ಕೆ ಬಲ ಹೋಗುವ ಸ್ಥಿತಿಯಲ್ಲೇ ಇರಬೇಕು. ಫೋರ್ ಬೈ ಫೋರ್ ಬೇಕಾಗುವುದು ಅಲ್ಲಿಂದಾಚೆಯ ನಲವತ್ತು ಕಿ.ಮೀ. ಆಸುಪಾಸಿಗೆ ಮಾತ್ರ: ಪಲ್ಚಾನ್, ಸೋಲಾಂಗ್, ಬೆಟ್ಟದಡಿಯ ಅಟಲ್ ಸುರಂಗ, ಆಚೆ ಬದಿಯ ಲಾಹೌಲ್ ಕಣಿವೆಯ ಸಿಸ್ಸು ಊರು. ಆದರೆ ಅದನ್ನು ಕಲಿಯುವ ಜಾಗ ಅದಲ್ಲ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಹಿಂದೆ ಹಾರ್ನ್ ಬಾರಿಸುವ ಸಾಲು. ಕಬ್ಬು ಕಟಾವಾದ ಗದ್ದೆಗೆ ನೀರು ಬಿಟ್ಟ ಮಾರನೆಯ ದಿನ ಗಾಡಿ ಇಳಿಸಿ ಅರ್ಧ ದಿನ ಅಭ್ಯಾಸ ಮಾಡಿಕೊಂಡೇ ಹೊರಡಿ.

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳ ಫೋರ್ ಬೈ ಫೋರ್ ಮಾದರಿಗಳಲ್ಲಿರುವುದು ಪಾರ್ಟ್ ಟೈಮ್ ವ್ಯವಸ್ಥೆ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಬಲ. 2ಎಚ್‌ನಲ್ಲಿ ಹಿಂದಿನ ಚಕ್ರಗಳಿಗಷ್ಟೇ ಬಲ ಹೋಗುತ್ತದೆ. 4ಎಚ್ ಹಾಕಿದರೆ ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆ, ಚಕ್ರಗಳ ಕಡೆಗೆ ಬಲ ಒಯ್ಯುವ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳೆರಡನ್ನೂ ಒಂದೇ ವೇಗಕ್ಕೆ ಬಿಗಿಯುತ್ತದೆ. 4ಎಲ್‌ನಲ್ಲಿ ಅದೇ ಬಿಗಿತ, ಜೊತೆಗೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಬಲ, ಅಷ್ಟೇ ಪಾಲು ಕಡಿಮೆ ವೇಗ. ಟ್ರಾಕ್ಟರ್ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿದುಕೊಂಡೇ ಬದುವಿನ ಹತ್ತಿರ ತಿರುಗಿಸಲು ಹೋದರೆ ಟ್ರಾಕ್ಟರ್ ತಿರುಗದೆ ನೇರಕ್ಕೇ ಎಳೆಯುತ್ತದಲ್ಲ, ಹಾಗೆ. ಅಲ್ಲಿ ಬಿಗಿದುಕೊಳ್ಳುವುದು ಎಡ ಬಲದ ಚಕ್ರಗಳು, ಇಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ಗಂಟು.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹೊಡೆಯುತ್ತವೆ. ಹಿಮದಲ್ಲಿ, ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಆ ವ್ಯತ್ಯಾಸ ತೀರಿಹೋಗುತ್ತದೆ. ಒಣ ಟಾರಿನ ಮೇಲೆ ಜಾರಲು ಆಗುವುದಿಲ್ಲ, ಹೊರೆಯೆಲ್ಲ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಪೂರ್ತಿ ಕತ್ತರಿಸಿ ತಿರುಗಿಸುವಾಗ ಯಾರೋ ಬ್ರೇಕ್ ಹಿಡಿದಂತೆ ಗಾಡಿ ಜಗ್ಗುತ್ತದೆ, ಅಡಿಯಿಂದ ಟಕ್ ಟಕ್ ಸದ್ದು ಬರುತ್ತದೆ. ಆಗ ತಡಮಾಡದೆ 2ಎಚ್‌ಗೆ ಬನ್ನಿ. 2ಎಚ್, 4ಎಚ್ ಬದಲಿಸುವ ನಾಬ್ ತಿರುಗಿಸಿದ ಮೇಲೂ ಡ್ಯಾಶ್‌ಬೋರ್ಡಿನ ಹಸಿರು ದೀಪ ಮಿಣುಕುತ್ತಲೇ ಇದ್ದರೆ ಗೇರು ಇನ್ನೂ ಬಿಟ್ಟಿಲ್ಲ ಎಂದರ್ಥ. ಸ್ಟೀರಿಂಗ್ ನೇರ ಮಾಡಿ ಹತ್ತಿಪ್ಪತ್ತು ಮೀಟರ್ ಮುಂದೆ ಹೋಗಿ, ಬಿಡದಿದ್ದರೆ ಒಂದೆರಡು ಮೀಟರ್ ಹಿಂದಕ್ಕೆ ಬನ್ನಿ. ಗಂಟು ಸಡಿಲವಾಗಿ ದೀಪ ಆರುತ್ತದೆ.

2ಎಚ್‌ನಿಂದ 4ಎಚ್‌ಗೆ ಓಡುವಾಗಲೇ ಹೋಗಬಹುದು. ಎಷ್ಟು ವೇಗದವರೆಗೆ ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಅದು ಎಷ್ಟೇ ಇರಲಿ, 40 ಕಿ.ಮೀ. ಒಳಗೆ, ನೇರ ರಸ್ತೆಯಲ್ಲಿ, ಆಕ್ಸಿಲರೇಟರ್ ಬಿಟ್ಟು ಹಾಕುವುದೇ ಒಳ್ಳೆಯದು. ಹಿಂದಿನ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತಿರುವಾಗ ಮಾತ್ರ ಎಂದೂ ಹಾಕಬೇಡಿ. ಮುಂದಿನ ಶಾಫ್ಟ್ ನಿಂತಿರುತ್ತದೆ, ಹಿಂದಿನದು ಸುತ್ತುತ್ತಿರುತ್ತದೆ, ಎರಡೂ ಒಮ್ಮೆಲೇ ಕೂಡಿದರೆ ಹಲ್ಲುಗಳಿಗೆ ಏಟು. 4ಎಲ್‌ಗೆ ಗಾಡಿ ಪೂರ್ತಿ ನಿಲ್ಲಬೇಕು: ಬ್ರೇಕ್ ಹಿಡಿದು, ಕ್ಲಚ್ ಒತ್ತಿ, ಗೇರ್ ನ್ಯೂಟ್ರಲ್‌ಗೆ ತಂದು ನಾಬ್ ತಿರುಗಿಸಿ, ದೀಪ ಮಿಣುಕುವುದು ನಿಂತ ಮೇಲೆ ಹೊರಡಿ.

ಹೊರಡುವ ಮುಂಚಿನ ಕೆಲಸಗಳಲ್ಲಿ ಮೊದಲನೆಯದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ನಮ್ಮ ಕಡೆ ರೇಡಿಯೇಟರಿನಲ್ಲಿ ಮಟ್ಟ ಇಳಿದರೆ ನಲ್ಲಿ ನೀರು ಹಾಕಿಕೊಂಡು ಓಡಿಸುವ ಅಭ್ಯಾಸವಿದೆ. ಆ ನೀರು ಸಿಸ್ಸುವಿನ ಒಂದು ರಾತ್ರಿಗೆ ಹೆಪ್ಪುಗಟ್ಟಿ ಉಬ್ಬಿ ರೇಡಿಯೇಟರನ್ನೋ ಎಂಜಿನ್ ಬ್ಲಾಕನ್ನೋ ಸೀಳಬಹುದು. ಹಳೆಯದನ್ನೆಲ್ಲ ಇಳಿಸಿ, ಎಥಿಲೀನ್ ಗ್ಲೈಕಾಲ್ ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲು ಬೆರೆಸಿ ತುಂಬಿಸಿದರೆ ಮೈನಸ್ 35 ಡಿಗ್ರಿಯವರೆಗೂ ಭಯವಿಲ್ಲ. ಗಾಜು ತೊಳೆಯುವ ಡಬ್ಬಿಯ ನೀರನ್ನೂ ಮನಾಲಿಯಲ್ಲಿ ಖಾಲಿ ಮಾಡಿ. ಬ್ಯಾಟರಿಯ ಬಲ ಸೊನ್ನೆ ಡಿಗ್ರಿಯಲ್ಲಿ ಮೂರನೇ ಒಂದು ಪಾಲಿನಷ್ಟು ಕುಗ್ಗುತ್ತದೆ, ಮೂರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ. ಡಿಇಎಫ್ (ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ) ಹಾಕುವ ಗಾಡಿಯಾದರೆ ಅದು ಮೈನಸ್ 11ರಲ್ಲಿ ಗಡ್ಡೆಕಟ್ಟುತ್ತದೆ ಎಂಬುದು ನೆನಪಿರಲಿ, ಟ್ಯಾಂಕಿನ ಕತ್ತಿನವರೆಗೆ ತುಂಬಿಸಬೇಡಿ. ಇನ್ನು ಡೀಸೆಲ್: ಬಯಲುಸೀಮೆಯ ಡೀಸೆಲ್‌ನಲ್ಲಿರುವ ಮೇಣ ಕಡುಚಳಿಗೆ ಹರಳಾಗಿ ಫಿಲ್ಟರ್ ಕಟ್ಟುತ್ತದೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಡೀಸೆಲ್ ತಂದದ್ದು ಇದೇ ಕಾರಣಕ್ಕೆ. ಕೆಳಗಿನ ಬಯಲಿನಲ್ಲಿ ತುಂಬಿಸಿದ್ದು ಕಾಲು ಟ್ಯಾಂಕಿಗೆ ಇಳಿದಿರುವಂತೆ ಮನಾಲಿ ತಲುಪಿ, ಅಲ್ಲಿ ಪೂರ್ತಿ ತುಂಬಿಸಿ.

ಕಾರಿಗಿಲ್ಲದ ಒಂದು ತೊಂದರೆ ಪಿಕಪ್‌ಗಿದೆ. ಹಿಂದಿನ ಬಾಡಿ ಖಾಲಿಯಿದ್ದರೆ ಲೀಫ್ ಸ್ಪ್ರಿಂಗ್ ಮೇಲೆ ಭಾರವೇ ಇರುವುದಿಲ್ಲ, ತಿರುವಿನಲ್ಲಿ ಹಿಂಭಾಗ ಮೊದಲು ಜಾರುತ್ತದೆ. 25 ಕಿಲೋದ ಐದಾರು ಮರಳಿನ ಚೀಲಗಳನ್ನು ಹಿಂದಿನ ಆಕ್ಸಲ್‌ನ ನೇರಕ್ಕೆ, ಚಕ್ರದ ಕಮಾನುಗಳ ನಡುವೆ ಅಡ್ಡಲಾಗಿ ಇಟ್ಟು ಬೆಲ್ಟ್ ಹಾಕಿ ಬಿಗಿಯಿರಿ. ಟೈಲ್‌ಗೇಟಿನ ಹತ್ತಿರ ಇಟ್ಟರೆ ಮುಂಭಾಗ ಹಗುರವಾಗಿ ಸ್ಟೀರಿಂಗ್ ಹಿಡಿತ ಹೋಗುತ್ತದೆ. ಕಟ್ಟದೆ ಬಿಟ್ಟರೆ ಬ್ರೇಕ್ ಹಾಕಿದಾಗ ಚೀಲಗಳು ಕ್ಯಾಬಿನ್ ಗಾಜಿಗೆ ಬರುತ್ತವೆ. ಗಾಡಿ ಹೂತುಕೊಂಡಾಗ ಅದೇ ಮರಳು ಟೈರಿನ ಅಡಿಗೂ ಆಗುತ್ತದೆ.

ಹಿಮದಲ್ಲಿ ಹಿಡಿತಕ್ಕೆಂದು ಟೈರಿಗೆ ಸುತ್ತುವ ಚೈನ್ ಟೈರಿನ ಅಳತೆಗೆ ಸರಿಯಾಗಿರಬೇಕು. ಟೈರಿನ ಪಕ್ಕದಲ್ಲಿ 265/65 ಆರ್17 ಎಂಬಂತೆ ಬರೆದಿರುವುದನ್ನು ಅಂಗಡಿಯಲ್ಲಿ ತೋರಿಸಿ, ಚೈನ್ ಸಡಿಲವಾದರೆ ಬ್ರೇಕ್ ಪೈಪಿಗೆ ಬಡಿಯುತ್ತದೆ. ಒಂದೇ ಜೊತೆ ಇದ್ದರೆ ಯಾವ ಚಕ್ರಕ್ಕೆ ಎಂಬುದನ್ನು ಕೈಪಿಡಿ ನೋಡಿಯೇ ತೀರ್ಮಾನಿಸಿ. ನಾಲ್ಕಕ್ಕೂ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಹಿಂದೆ ಮಾತ್ರ ಹಾಕಿದರೆ ಇಳಿಜಾರಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಜಾರುತ್ತದೆ. ಹಾಕುವ ಬಗೆ ಹೀಗೆ: ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚೈನನ್ನು ಸಿಕ್ಕಿಲ್ಲದಂತೆ ಬಿಡಿಸಿ ಟೈರಿನ ಮೇಲೆ ಹೊದಿಸಿ. ಕೊಂಡಿಯ ಚೂಪು ತುದಿ ರಬ್ಬರಿಗೆ ತಾಗದೆ ಹೊರಮುಖ ಇರಲಿ. ಮೊದಲು ಒಳಬದಿಯ ಕೊಂಡಿ ಸಿಕ್ಕಿಸಿ, ಗಾಡಿಯನ್ನು ಅರ್ಧ ಸುತ್ತಿನಷ್ಟು ಮುಂದೆ ಉರುಳಿಸಿ ಹೊರಬದಿಯದನ್ನು ಎಳೆದು ಬಿಗಿಯಿರಿ. ನೂರು ಮೀಟರ್ ಓಡಿಸಿ ನಿಲ್ಲಿಸಿದರೆ ಎರಡು ಬೆರಳು ತೂರುವಷ್ಟು ಸಡಿಲವಾಗಿರುತ್ತದೆ, ಮತ್ತೆ ಬಿಗಿಯಿರಿ. ಇದನ್ನು ಮನೆಯ ಅಂಗಳದಲ್ಲೇ ಎರಡು ಸಲ ಮಾಡಿ ನೋಡಿ. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಕಣ್ಣಿಗಿಂತ ಕೈಯ ಅಭ್ಯಾಸವೇ ಕೆಲಸ ಮಾಡುತ್ತದೆ. ಮೇಲೆ ರಬ್ಬರ್ ಇರುವ ಕೈಗವಸು ಕೊಳ್ಳಿ, ಉಣ್ಣೆಯದು ಒಂದೇ ಚಕ್ರಕ್ಕೆ ಒದ್ದೆಯಾಗುತ್ತದೆ. ಚೈನ್ ಹಾಕಿದ ಮೇಲೆ ಗಂಟೆಗೆ 30 ಕಿ.ಮೀ. ವೇಗ ಮೀರಬೇಡಿ.

ಟೈರಿನ ಗಾಳಿ ಚಳಿಗೆ ಇಳಿಯುತ್ತದೆ, ಆದರೆ ಎತ್ತರಕ್ಕೆ ಹೋದಷ್ಟೂ ಗೇಜ್ ಹೆಚ್ಚು ತೋರಿಸುತ್ತದೆ. ಲೆಕ್ಕ ಹಾಕುತ್ತ ಕೂರದೆ ಮನಾಲಿಯಲ್ಲಿ ಬೆಳಿಗ್ಗೆ, ಓಡಿಸುವ ಮೊದಲೇ ಗೇಜ್ ಹಿಡಿದು ಕೈಪಿಡಿಯ ಮಟ್ಟಕ್ಕೆ ತನ್ನಿ.

ಹಿಮ ಬಿದ್ದ ದಿನ ಪೊಲೀಸರು ಮನಾಲಿ ದಾಟಿದ ಮೇಲಿನ ನೆಹರು ಕುಂಡ್ ಅಥವಾ ಸೋಲಾಂಗ್ ಹತ್ತಿರ ತಡೆದು ಫೋರ್ ಬೈ ಫೋರ್ ಗಾಡಿಗಳನ್ನಷ್ಟೇ ಮುಂದೆ ಬಿಡುತ್ತಾರೆ. ಬಿಟ್ಟರು ಎಂದ ಮಾತ್ರಕ್ಕೆ ರಸ್ತೆ ಸರಿಯಿದೆ ಎಂದಲ್ಲ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ಸಿಸ್ಸುವಿನಿಂದ ವಾಪಸು ಹೊರಡಿ. ಹಗಲು ಕರಗಿದ ನೀರು ನೆರಳು ಬಿದ್ದ ಕೂಡಲೇ ಟಾರಿನ ಮೇಲೆ ತೆಳ್ಳನೆಯ ಗಾಜಾಗುತ್ತದೆ. ನೋಡಿದರೆ ಬರೀ ಒದ್ದೆ ರಸ್ತೆ. ಮುಂದಿನ ಗಾಡಿಯ ಟೈರು ನೀರು ಚಿಮ್ಮಿಸದಿದ್ದರೆ ಅದು ನೀರಲ್ಲ, ಮಂಜುಗಡ್ಡೆ. 2024ರ ಡಿಸೆಂಬರಿನಲ್ಲಿ ಸೋಲಾಂಗ್‌ಗೂ ಸುರಂಗಕ್ಕೂ ನಡುವೆ ನೂರಾರು ಗಾಡಿಗಳು ಸಿಕ್ಕಿಕೊಂಡಿದ್ದವು.

2020ರ ಅಕ್ಟೋಬರ್ 3ರಂದು ತೆರೆದ ಅಟಲ್ ಸುರಂಗದ ಉದ್ದ 9.02 ಕಿ.ಮೀ. ಹೊರಗೆ ಎಷ್ಟೇ ಹಿಮವಿದ್ದರೂ ಬಾಯಿಯಿಂದ ಸ್ವಲ್ಪ ಒಳಗೆ ಹೋದರೆ ನೆಲ ಒಣಗಿರುತ್ತದೆ. ಆದ್ದರಿಂದ ಒಳಹೊಕ್ಕು ಒಣ ನೆಲ ಸಿಕ್ಕಿದ ಮೇಲೆ 2ಎಚ್, ಉತ್ತರದ ಬಾಯಿಯ ಬೆಳಕು ಕಾಣುತ್ತಲೇ ಮತ್ತೆ 4ಎಚ್. ಬಹಳ ಜನ ಮರೆಯುವುದು ಈ ಎರಡನೆಯದನ್ನು. ಒಂಬತ್ತು ಕಿ.ಮೀ. ಒಣ ರಸ್ತೆಯ ವೇಗದಲ್ಲೇ ಹೊರಬಿದ್ದು ಹಿಮದ ಮೇಲೆ ಬ್ರೇಕ್ ತುಳಿಯುತ್ತಾರೆ.

ಫೋರ್ ಬೈ ಫೋರ್ ಗಾಡಿಯನ್ನು ಹೊರಡಿಸುತ್ತದೆ, ಹತ್ತಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಗಾಡಿಗಳಿಗೂ ನಾಲ್ಕೂ ಚಕ್ರಕ್ಕಿದೆ, ಎರಡು ಟನ್ ತೂಗುವ ನಿಮ್ಮದೂ ಹಿಮದ ಮೇಲೆ ಉಳಿದವುಗಳಂತೆಯೇ ಜಾರುತ್ತದೆ. ಏರು ಸಲೀಸಾಗಿ ಹತ್ತಿದ ಧೈರ್ಯದಲ್ಲಿ ಇಳಿಯುವವರೇ ಕಲ್ಲುಕಟ್ಟೆಗೆ ಗುದ್ದುತ್ತಾರೆ. ಇಳಿಜಾರು ಶುರುವಾಗುವ ಮುಂಚೆಯೇ ನಿಂತು, ಕಡಿದಾಗಿದ್ದರೆ 4ಎಲ್ ಎರಡನೇ ಗೇರ್, ಸಾಧಾರಣವಾಗಿದ್ದರೆ 4ಎಚ್ ಒಂದು ಅಥವಾ ಎರಡನೇ ಗೇರ್ ಹಾಕಿ, ಕ್ಲಚ್ ಮುಟ್ಟದೆ ಇಳಿಯಿರಿ. ಎಂಜಿನ್ನಿನ ತಡೆ ನಾಲ್ಕೂ ಚಕ್ರಕ್ಕೆ ಹಂಚಿಹೋಗುವುದೇ ಇಲ್ಲಿ ಸಿಗುವ ದೊಡ್ಡ ಲಾಭ. ಇಳಿಯುತ್ತಿರುವಾಗ ಗೇರ್ ಥಟ್ಟನೆ ಇಳಿಸಿದರೆ ಅದೇ ತಡೆ ಚಕ್ರಗಳನ್ನು ಜಾರಿಸುತ್ತದೆ, ಆದ್ದರಿಂದ ಒಂದೊಂದಾಗಿ, ಮೆಲ್ಲಗೆ. ಬ್ರೇಕ್ ಬೇಕೇ ಆದರೆ ಒತ್ತಿ ಹಿಡಿಯಿರಿ, ಚಕ್ರ ಕಚ್ಚಿ ನಿಲ್ಲದಂತೆ ನೋಡುವ ಎಬಿಎಸ್ ಪಾದಕ್ಕೆ ದಡದಡ ಬಡಿದರೂ ಬಿಡಬೇಡಿ. ಹಿಂಭಾಗ ಜಾರಿದರೆ ಆಕ್ಸಿಲರೇಟರ್ ಬಿಟ್ಟು, ಹೋಗಬೇಕಾದ ಕಡೆ ನೋಡಿ ಆ ಕಡೆಗೇ ಸ್ಟೀರಿಂಗ್ ತಿರುಗಿಸಿ. ಮುಂದಿನ ಗಾಡಿ ತಿರುವು ದಾಟುವವರೆಗೆ ನೀವು ಮೇಲೆಯೇ ಕಾಯಿರಿ.

ಹೊರಡುವಾಗ ಚಕ್ರ ಸುತ್ತತೊಡಗಿದರೆ ಎರಡನೇ ಗೇರಿನಲ್ಲಿ, ಕ್ಲಚ್ ನಿಧಾನವಾಗಿ ಬಿಟ್ಟು ನೋಡಿ. ಆಗದಿದ್ದರೆ ನಿಲ್ಲಿಸಿಬಿಡಿ. ಇನ್ನಷ್ಟು ಸುತ್ತಿಸಿದರೆ ಹಿಮ ಕರಗಿ, ಮತ್ತೆ ಗಟ್ಟಿಯಾಗಿ, ಟೈರಿನ ಅಡಿ ನುಣ್ಣನೆಯ ಬಟ್ಟಲಾಗುತ್ತದೆ. ಸನಿಕೆಯಿಂದ ಚಕ್ರದ ಮುಂದೆ ಹಿಂದೆ ಮಾತ್ರವಲ್ಲ, ಹೊಟ್ಟೆಯಡಿಯೂ ಎಳೆಯಿರಿ. ಚಾಸಿ ಹಿಮದ ಮೇಲೆ ಕೂತಿದ್ದರೆ ನಾಲ್ಕೂ ಚಕ್ರ ಸುತ್ತಿಯೂ ಪ್ರಯೋಜನವಿಲ್ಲ. ಆಮೇಲೆ ಮರಳು ಚೆಲ್ಲಿ. ಎಂಜಿನ್ ಚಾಲೂ ಇಟ್ಟು ಹೀಟರ್ ಹಾಕಿಕೊಂಡು ಕಾಯಬೇಕಾಗಿ ಬಂದರೆ ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿಲ್ಲವೇ ಎಂದು ಇಳಿದು ಪದೇ ಪದೇ ನೋಡಿ. ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ರಾತ್ರಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಒದ್ದೆಯಾದ ಲೈನರ್ ಡ್ರಮ್ಮಿಗೆ ಅಂಟಿಕೊಂಡು ಬೆಳಿಗ್ಗೆ ಬಿಡುವುದಿಲ್ಲ. ಸಮತಟ್ಟು ಜಾಗ ನೋಡಿ ಮೊದಲ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ವೈಪರ್ ಎತ್ತಿ ನಿಲ್ಲಿಸಿ.

ಊರಿಗೆ ಬಂದ ಮೇಲೆ ಅಡಿಭಾಗ ತೊಳೆಸಿ, ಮುಂದಿನ ಡಿಫರೆನ್ಷಿಯಲ್ ಆಯಿಲ್‌ಗೆ ನೀರು ಸೇರಿ ಹಾಲಿನಂತಾಗಿದೆಯೇ ಎಂದು ನೋಡಿಸಿ. ಆಮೇಲೆ 4ಎಚ್ ಅನ್ನು ವರ್ಷವಿಡೀ ಮುಟ್ಟದೆ ಬಿಡಬೇಡಿ. ತಿಂಗಳಿಗೊಮ್ಮೆ ಹದಿನೈದು ಕಿ.ಮೀ.ಯಷ್ಟಾದರೂ ಮಣ್ಣಿನ ನಾಲೆ ಏರಿಯ ಮೇಲೋ ಗದ್ದೆ ದಾರಿಯಲ್ಲೋ ಹಾಕಿ ಓಡಿಸಿದರೆ ಮುಂದಿನ ಗೇರುಗಳಿಗೆ ಆಯಿಲ್ ಹರಡುತ್ತದೆ.